ಶುಕ್ರವಾರದ ಪತ್ರ ಯಾರಿಗೆ ಬಂತು?

ಬೆಳಕು ಹರಿಯುವ ಮುನ್ನ ನಾನು ಮುಗಿಸಿದ ಕೆಲಸಗಳು: ಹಾಲು ಕಾಯಿಸಿದ್ದು, ಮೂರು ಊಟದ ಡಬ್ಬಿ ತುಂಬಿದ್ದು, ಒಂದರ ಮುಚ್ಚಳ ಹುಡುಕಿದ್ದು, ಸಿಗದೆ ಬೇರೊಂದು ಡಬ್ಬಿಯ ಮುಚ್ಚಳವನ್ನು ಬಲವಂತವಾಗಿ ಅದಕ್ಕೆ ಒಪ್ಪಿಸಿದ್ದು, ಮಗಳ ಒದ್ದೆ ಕಾಲುಚೀಲವನ್ನು ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಿದ್ದು, ಶಾಲೆಗೆ ಹಿಂದಿರುಗಿಸಬೇಕಾದ ಪುಸ್ತಕವನ್ನು ಮಂಚದಡಿಯಿಂದ ಎಳೆದದ್ದು, ಗಂಡನ ಸಮವಸ್ತ್ರಕ್ಕೆ ಗುಂಡಿ ಹೊಲಿದದ್ದು. ಇದರ ನಡುವೆ, ಮರುದಿನ ಹೊರಡಬೇಕಾದ ವಾರದ ಪತ್ರದ ಒಂದು ಸಾಲನ್ನೂ ಮನಸ್ಸಿನಲ್ಲೇ ತಿದ್ದಿಕೊಂಡೆ: ‘ಮಕ್ಕಳ ಶಾಲೆಯ ಕೆಲಸವನ್ನು ತಂದೆತಾಯಿ ಇಬ್ಬರೂ ಸಮನಾಗಿ ಹಂಚಿಕೊಳ್ಳುವುದು.’ ಗುಂಡಿ ಹೊಲಿಯುತ್ತಲೇ ತಿದ್ದಿದೆ.

ನಾನು ಮಗಳು ಓದುವ ಪ್ರಾಥಮಿಕ ಶಾಲೆಯಲ್ಲೇ ಗುಮಾಸ್ತೆ. ವಾರದ ಸುದ್ದಿ, ರಜೆ, ‘ನೆನಪಿರಲಿ’ ಎಂಬ ಪಟ್ಟಿ ಎಲ್ಲ ಸೇರಿಸಿ ಪ್ರತಿ ಶುಕ್ರವಾರ ಮಕ್ಕಳ ತಂದೆತಾಯಿಯರ ಫೋನಿಗೆ ಪತ್ರ ಕಳಿಸುವವಳು ನಾನೇ. ಇವರು ಬಸ್ ಡಿಪೋದಲ್ಲಿ ಟೈಮ್ ಕೀಪರ್. ಅರವತ್ತು ಬಸ್ಸುಗಳ ವೇಳೆ ನಾಲಿಗೆಯ ತುದಿಯಲ್ಲಿದೆ. ಮಗಳ ಶಾಲೆ ಎಷ್ಟಕ್ಕೆ ಬಿಡುತ್ತದೆ ಎಂಬುದನ್ನು ಮಾತ್ರ ನನ್ನನ್ನು ಕೇಳುತ್ತಾರೆ.

ಆ ಗುರುವಾರ ಎಂಟೂವರೆಗೆ ಜಗಳ ಆಗಲೇ ಅರ್ಧ ದಾರಿ ಬಂದಿತ್ತು.

ಇವರು: ನನಗೆ ಯಾರೂ ಹೇಳಿಲ್ಲ.

ನಾನು: ಹೇಳೋದೇನ್ರೀ, ಪತ್ರದಲ್ಲಿ ಬರೆದಿದೆ. ಏಳನೇ ಅಂಶ. ‘ಗುರುವಾರ ಹತ್ತು ಗಂಟೆಗೆ ಎರಡನೇ ತರಗತಿಯಲ್ಲಿ ಕಥೆ ಓದುವ ಕಾರ್ಯಕ್ರಮ. ಈ ವಾರದ ಸರದಿ: ಪುಟ್ಟಿಯ ಮನೆಯಿಂದ ಒಬ್ಬರು ಬಂದು ಓದುವುದು.’ ದಪ್ಪ ಅಕ್ಷರದಲ್ಲಿ ಹಾಕಿದ್ದೀನಿ.

ಇವರು: ಯಾವ ಪತ್ರ?

ನಾನು: ಯಾವ ಪತ್ರ ಅಂತೀರಲ್ಲ! ಎರಡು ವರ್ಷದಿಂದ ವಾರಾವಾರಾ ಕಳಿಸ್ತಿದ್ದೀನಿ.

ಇವರು: ನನಗಾ?

ನಾನು: ಇನ್ನೂರ ಹನ್ನೆರಡು ಅಪ್ಪಂದಿರಿಗೆ. ಅದರಲ್ಲಿ ನೀವೂ ಒಬ್ಬರು, ನನಗೆ ತಿಳಿದ ಮಟ್ಟಿಗೆ.

ಮಗಳು ಹೊಸ್ತಿಲ ಮೇಲೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ.

ಮಗಳು: ಅಪ್ಪ, ನೀನೇ ಬಂದು ಓದ್ತೀಯ ಅಂತ ಟೀಚರ್‌ಗೆ ಹೇಳಿಬಿಟ್ಟಿದ್ದೀನಿ.

ಇವರು: ನನ್ನನ್ನ ಕೇಳ್ದೆನೇ?

ಮಗಳು: ಕೇಳಿದ್ನಲ್ಲ. ಮೊನ್ನೆ ನೀನು ಫೋನಲ್ಲಿದ್ದೆ. ‘ಹೂಂ’ ಅಂದೆ.

ಇವರು: ಅದು ಡಿಪೋದವರಿಗೆ ಅಂದ ಹೂಂ, ಕಂದ.

ಮಗಳು: ನನ್ನ ಕಡೆ ನೋಡ್ಕೊಂಡು ಅಂದೆ.

ಇವರು: ಅಮ್ಮ ಬರ್ತಾಳಲ್ಲ. ಅಮ್ಮ ಎಷ್ಟು ಚೆನ್ನಾಗಿ ಓದ್ತಾಳೆ!

ಮಗಳು: ಅಮ್ಮ ಲೆಕ್ಕಕ್ಕಿಲ್ಲ. ಅಮ್ಮ ಯಾವಾಗ್ಲೂ ಅಲ್ಲೇ ಇರ್ತಾಳೆ.

ಹಿಂದೆ ಎರಡು ಸಲ ಓದಿ ಬಂದವಳು ನಾನು. ಒಂದು ಸಲ ಹುಲಿಯಾಗಿ ಗರ್ಜಿಸಿ ಎರಡು ದಿನ ಗಂಟಲು ಕಟ್ಟಿಸಿಕೊಂಡಿದ್ದೆ. ಲೆಕ್ಕಕ್ಕಿಲ್ಲ.

ಇವರು: ನೋಡು, ಇವತ್ತು ಇನ್ನೊಬ್ಬರ ಬದಲು ಹತ್ತರ ಪಾಳಿ ಒಪ್ಕೊಂಡು ಆಗಿದೆ. ಗೊತ್ತಿದ್ದಿದ್ರೆ ಒಪ್ಕೊಳ್ತಿರಲಿಲ್ಲ.

ನಾನು: ಗೊತ್ತಾಗಬೇಕಾದ್ರೆ ಓದಬೇಕು.

ಇವರು: ಓದಬೇಕಾದ್ರೆ ಬರಬೇಕು.

ನಾನು: ಬಂದಿದೆ. ನೀವು ಅಳಿಸಿದ್ದೀರಿ.

ಇವರು: ನಾನಾ? ನಿಮ್ಮ ಚಿಕ್ಕಪ್ಪ ದಿನಾ ಕಳಿಸೋ ಗುಲಾಬಿ ಹೂವಿನ ಶುಭೋದಯಾನೇ ಅಳಿಸಿಲ್ಲ ನಾನು. ನಾನೂರು ಗುಲಾಬಿ ಇದೆ, ತಗೋ ನೋಡು.

ನೋಡಿದೆ. ಗುಲಾಬಿಗಳಿದ್ದವು. ಟೈರು ಪಂಚರಾದ ಬಸ್ಸುಗಳ ಚಿತ್ರಗಳಿದ್ದವು. ಶಾಲೆಯ ಪತ್ರ ಒಂದೂ ಇರಲಿಲ್ಲ. ಹಾಗಂತ ಸೋಲೊಪ್ಪುವ ಜಾಯಮಾನ ನನ್ನದಲ್ಲ.

ನಾನು: ಫೋನ್ ತುಂಬಿಹೋಗಿದೆ. ಅದಕ್ಕೇ ಬಂದಿಲ್ಲ.

ಇವರು: ಹಾಂ! ಬಂದಿಲ್ಲ ಅಂತ ಈಗ ಒಪ್ಕೊಂಡೆ.

ನಾನು: ಬಂದಿದೆ ಕಣ್ರೀ. ಒಳಗೆ ಜಾಗ ಇಲ್ದೆ ಹೊರಗೆ ನಿಂತಿದೆ.

ಇವರು: ಅದೇನು ನಮ್ಮ ಬಸ್ಸಾ? ಸರಿ, ಒಂದು ಕೆಲಸ ಮಾಡೋಣ. ನಿಮ್ಮ ಆಫೀಸಲ್ಲಿ ದಾಖಲೆ ಇರುತ್ತಲ್ಲ? ನನ್ನ ನಂಬರಿಗೆ ಹೋಗಿದೆ ಅಂತಾದ್ರೆ ಪಾಳಿ ಬಿಟ್ಟು ಬಂದು ಓದ್ತೀನಿ. ಹೋಗಿಲ್ಲ ಅಂತಾದ್ರೆ ನಾನು ಡ್ಯೂಟಿಗೆ ಹೋಗ್ತೀನಿ, ತಪ್ಪು ಯಾರದು ಅಂತ ಇವಳಿಗೆ ನೀನೇ ಹೇಳಬೇಕು.

ನಾನು: ಹೇಳ್ತೀನಿ. ಬೇಕಾದ್ರೆ ಪ್ರಾರ್ಥನೆ ಹೊತ್ತಲ್ಲಿ ಮೈಕ್ ಹಿಡಿದು ಹೇಳ್ತೀನಿ. ನಡೀರಿ.

ದಾರಿಯುದ್ದಕ್ಕೂ ನಾನು ಇಬ್ಬರಿಗಿಂತ ಹತ್ತು ಹೆಜ್ಜೆ ಮುಂದಿದ್ದೆ. ಗೆದ್ದ ಮೇಲೆ ಏನೇನು ಅನ್ನಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಮೂರು ಒಳ್ಳೆಯ ಮಾತು ಸಿಕ್ಕಿದ್ದವು. ಅವು ಇಂದಿಗೂ ಹೊಚ್ಚ ಹೊಸದಾಗಿ ಹಾಗೇ ಇವೆ.

ಶಾಲೆಯ ಆಫೀಸು ಎಂದರೆ ಎರಡು ಮೇಜು, ಒಂದು ಕಂಪ್ಯೂಟರು, ಕಳೆದುಹೋದ ನೀರಿನ ಬಾಟಲಿ ಮತ್ತು ಒಂಟಿ ಕಾಲುಚೀಲಗಳ ಒಂದು ಕಪಾಟು. ಮಗಳು ಆಟದ ಮೈದಾನಕ್ಕೆ ಓಡಿದಳು. ಒಳಗೆ ಆಯಮ್ಮ ನೆಲ ಒರೆಸುತ್ತಿದ್ದಳು. ಈ ಶಾಲೆಯಲ್ಲಿ ಗಂಟೆ ಹೊಡೆಯುವವಳೂ ಅವಳೇ, ಬಿದ್ದ ಮಕ್ಕಳನ್ನು ಎತ್ತುವವಳೂ ಅವಳೇ.

ಆಯಮ್ಮ: ಸಾರ್! ಇದೇನು ಅಪರೂಪ? ಮಗಳನ್ನ ಬೇರೆ ಶಾಲೆಗೆ ಹಾಕ್ತೀರಾ?

ಇವರು: ಇಲ್ಲಮ್ಮ. ಶಾಲೆಯಿಂದ ನನಗೆ ಪತ್ರ ಬಂದಿಲ್ಲ ಅಂತ ಸಾಬೀತು ಮಾಡೋಕೆ ಬಂದೆ.

ಆಯಮ್ಮ: ಅದಕ್ಕೆ ಇಲ್ಲೀತನಕ ಬರಬೇಕಾ? ಎರಡು ವರ್ಷದಿಂದ ಮನೇಲಿದ್ದೇ ಚೆನ್ನಾಗಿ ಸಾಬೀತು ಮಾಡ್ತಿದ್ರಲ್ಲ.

ನಾನು ಕಂಪ್ಯೂಟರು ತೆರೆದೆ. ಮಗಳ ಹೆಸರು, ತರಗತಿ, ರಕ್ತದ ಗುಂಪು, ತಾಯಿಯ ನಂಬರ್, ತಂದೆಯ ನಂಬರ್.

ನಾನು: ನೋಡಿ! ತಂದೆಯ ನಂಬರ್. ಭರ್ತಿಯಾಗಿದೆ. ಕಳೆದ ಶುಕ್ರವಾರ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಪತ್ರ ತಲುಪಿದೆ. ಹಸಿರು ಗುರುತು ಬಿದ್ದಿದೆ. ಇನ್ನೇನು ಬೇಕು?

ಇವರು: ಒಂಬತ್ತು, ಸೊನ್ನೆ, ನಾಲ್ಕು... ಇದು ಯಾರ ನಂಬರು?

ನಾನು: ನಿಮ್ಮದೇ.

ಇವರು: ನನ್ನದು ಏಳರಿಂದ ಶುರುವಾಗುತ್ತೆ.

ನಾನು: ಹಾಗಾದ್ರೆ ಯಾರದೋ ಬೇರೆ ಅಪ್ಪಂದು ಬಂದು ಸೇರ್ಕೊಂಡಿದೆ.

ಇವರು: ಯಾವ ಅಪ್ಪ ಅಂತ ನೋಡೇಬಿಡೋಣ.

ಆಫೀಸಿನ ಫೋನೆತ್ತಿ ಒಂದೊಂದೇ ಅಂಕೆ ಒತ್ತಿದರು. ಕ್ಷಣ ಹೊತ್ತು ಏನೂ ಇಲ್ಲ. ಆಮೇಲೆ ಮೇಜಿನ ಮೇಲಿದ್ದ ನನ್ನ ಕೈಚೀಲ ಹಾಡತೊಡಗಿತು.

ಆಯಮ್ಮ: ಮೇಡಂ, ಎತ್ತಿ. ಪುಟ್ಟಿ ಅಪ್ಪನಿಗೆ ಫೋನ್ ಬಂದಿದೆ.

ನಾನು: ನಾನು ಬರೋ ಮೊದಲಿದ್ದ ಗುಮಾಸ್ತನ ಕೆಲಸ ಇದು. ಅವನಿಗೆ ಕಣ್ಣು ಸರಿ ಇರಲಿಲ್ಲ.

ಆಯಮ್ಮ: ಪಾಪ, ಅವರು ಕಾಗದದಲ್ಲಿದ್ದದ್ದನ್ನ ಇದ್ದ ಹಾಗೇ ಹಾಕ್ತಿದ್ರು. ತಾಳಿ, ಸೇರಿಸುವಾಗ ತುಂಬಿದ ಫಾರಂ ಇಲ್ಲೇ ಇದೆ.

ಆ ಹೆಂಗಸಿಗೆ ಯಾವುದು ಎಲ್ಲಿದೆ ಎಂದು ಗೊತ್ತಿರದಿದ್ದರೆ ಎಷ್ಟು ಚೆನ್ನಾಗಿತ್ತು! ಫಾರಂ ಬಂತು. ‘ತಂದೆಯ ದೂರವಾಣಿ’ ಎಂಬ ಗೆರೆಯ ಮೇಲೆ ನನ್ನ ನಂಬರು, ನನ್ನದೇ ಗುಂಡು ಗುಂಡು ಅಕ್ಷರದಲ್ಲಿ. ಅಳಿಸಿ ಬರೆದದ್ದಲ್ಲ, ಅವಸರದ್ದಲ್ಲ. ಮನಸ್ಸಿಟ್ಟು ಬರೆದದ್ದು.

ಅಷ್ಟರಲ್ಲಿ ಇನ್ನೊಂದೂ ಹೊಳೆಯಿತು. ಎರಡು ವರ್ಷದಿಂದ ಪ್ರತಿ ಶುಕ್ರವಾರ ನನ್ನ ಫೋನಿಗೆ ಪತ್ರ ಎರಡೆರಡು ಸಲ ಬರುತ್ತಿತ್ತು. ಕಂಪ್ಯೂಟರಿನ ದೋಷ ಎಂದುಕೊಂಡು ಅದನ್ನು ಮಾರಿದವರಿಗೆ ಮೂರು ದೂರು ಬರೆದಿದ್ದೆ. ಮೂರನೆಯದರಲ್ಲಿ ‘ನಿಮ್ಮ ಬೇಜವಾಬ್ದಾರಿ’ ಎಂಬ ಮಾತನ್ನೂ ಬಳಸಿದ್ದೆ.

ಇವರು: ಯಾಕೆ ಹೀಗೆ ಬರೆದೆ?

ನಾನು: ನೀವು ಡ್ಯೂಟೀಲಿರ್ತೀರಿ, ಯಾಕೆ ತೊಂದರೆ ಅಂತ.

ಇವರು: ನೀನು ಡ್ಯೂಟೀಲಿರಲ್ವಾ?

ನಾನು ಎಂದೋ ಕೇಳಬೇಕಿದ್ದ ಪ್ರಶ್ನೆಯನ್ನು ಅವರು ಕೇಳಿಬಿಟ್ಟರು. ಅದೂ ನನ್ನ ಮೇಜಿಗೇ ಒರಗಿಕೊಂಡು.

ಇವರು: ನೋಡಮ್ಮಾ ಆಯಮ್ಮ. ಎರಡು ವರ್ಷದಿಂದ ಬೇಜವಾಬ್ದಾರಿ ಗಂಡ ಅಂತ ಅನ್ನಿಸ್ಕೊಂಡೆ. ತಪ್ಪು ಯಾರದು?

ಆಯಮ್ಮ: ಅಯ್ಯೋ ಪಾಪ. ಒಂದು ಮಾತು ಕೇಳ್ಲಾ ಸಾರ್? ನಿಮ್ಮ ಡಿಪೋಗೆ ಒಂದು ಬಸ್ಸು ಬರದೇ ಇದ್ರೆ ಏನ್ ಮಾಡ್ತೀರಿ?

ಇವರು: ಹತ್ತು ನಿಮಿಷ ನೋಡ್ತೀನಿ. ಆಮೇಲೆ ಹುಡುಕಿಸ್ತೀನಿ.

ಆಯಮ್ಮ: ಎರಡು ವರ್ಷ ಮಗಳ ಶಾಲೆಯಿಂದ ಒಂದು ಪತ್ರಾನೂ ಬರಲಿಲ್ವಲ್ಲ. ಏನಾಯ್ತು ಅಂತ ಅನ್ನಿಸಲೇ ಇಲ್ವಾ?

ಇವರು ಫಾರಮನ್ನು ತಿರುಗಿಸಿ ಹಿಂಬದಿ ನೋಡಿದರು.

ಇವರು: ಈ ಶಾಲೇಲಿ ಏನೂ ನಡೆಯಲ್ಲ ಅಂದ್ಕೊಂಡಿದ್ದೆ.

ಆಯಮ್ಮ ನಗಲಿಲ್ಲ. ಗೋಡೆಯ ಫಲಕಕ್ಕೆ ಅಂಟಿಸಿದ್ದ ಪತ್ರದ ಪ್ರತಿಯನ್ನು ಕಿತ್ತು ಅವರ ಕೈಗೆ ಕೊಟ್ಟಳು. ಇವರು ಕನ್ನಡಕ ಹಾಕಿಕೊಂಡು ಶುರುಮಾಡಿದರು.

ಇವರು: ‘ಸೋಮವಾರ ಖಾಲಿ ರಟ್ಟಿನ ಡಬ್ಬಿ ಎರಡು, ಮೊಂಡು ಕತ್ತರಿ ಒಂದು. ಮಂಗಳವಾರ ಹಲ್ಲಿನ ತಪಾಸಣೆ, ಒಪ್ಪಿಗೆ ಚೀಟಿಗೆ ಸಹಿ. ಉಗುರು ಕತ್ತರಿಸಿ ಕಳಿಸುವುದು. ಹೇನು ಕಂಡಲ್ಲಿ...’ ಎಷ್ಟಿದೆ ಇದು? ಹದಿನೇಳು! ಎಲ್ಲ ಒಂದೇ ತಿಂಗಳದ್ದಾ?

ನಾನು: ಒಂದೇ ವಾರದ್ದು.

ಇವರು: ಇದನ್ನೆಲ್ಲ ಯಾರು ಮಾಡ್ತಾರೆ?

ಆಯಮ್ಮ ಬಕೆಟ್ಟಿನಲ್ಲಿ ಬಟ್ಟೆ ಹಿಂಡಿದಳು. ನಾನು ಪೆನ್ನುಗಳನ್ನು ಉದ್ದದ ಪ್ರಕಾರ ಜೋಡಿಸಿಟ್ಟೆ.

ಇವರು: ಅಲ್ಲ, ನನ್ನ ನಂಬರ್ ಬರೆದಿದ್ರೆ ನಾನೂ ಒಂದಿಷ್ಟು ಮಾಡ್ತಿದ್ದೆ.

ನಾನು: ಮಾಡ್ತಿರಲಿಲ್ಲ. ಮೊಂಡು ಕತ್ತರಿ ಎಲ್ಲಿದೆ ಅಂತ ನನ್ನನ್ನೇ ಕೇಳ್ತಿದ್ರಿ.

ಇವರು: ಕೇಳೋಕಾದ್ರೂ ಬಿಡಬೇಕಿತ್ತು.

ಇದಕ್ಕೆ ನನ್ನಲ್ಲಿದ್ದ ಉತ್ತರ ಬಾಯಿಬಿಟ್ಟು ಆಡುವಂಥದ್ದಲ್ಲ. ರಾತ್ರಿ ಊಟಕ್ಕೆ ಕೂತಾಗ ಇವರು ‘ನಾಳೆ ಏನಿದೆ?’ ಎಂದು ಕೇಳುತ್ತಿದ್ದರು. ನಾನು ತಟ್ಟೆಯಿಂದ ತಲೆ ಎತ್ತದೆ ಹೇಳುತ್ತಿದ್ದೆ. ಇಡೀ ಮನೆಯ ನಾಳೆ ನನ್ನೊಬ್ಬಳ ಬಾಯಲ್ಲಿತ್ತು. ಆಗ ನನಗೆ ರಾಣಿಯಂತೆ ಅನ್ನಿಸುತ್ತಿತ್ತು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಕಾಲುಚೀಲಕ್ಕೆ ಇಸ್ತ್ರಿ ಹಾಕುವ ರಾಣಿ.

ಮಗಳು ಬಾಗಿಲಲ್ಲಿ ಇಣುಕಿದಳು.

ಮಗಳು: ಯಾರು ಗೆದ್ರು?

ಇವರು ನನ್ನ ಕಡೆ ನೋಡಿದರು. ಕೊಟ್ಟ ಮಾತು ಮಾತೇ.

ನಾನು: ಪುಟ್ಟಿ, ಅಪ್ಪಂಗೆ ಪತ್ರ ಹೋಗಿಲ್ಲ. ತಪ್ಪು ನಂದು. ಅಪ್ಪನ ನಂಬರ್ ಬರೆಯೋ ಜಾಗದಲ್ಲಿ ನಂದೇ ಬರೆದಿದ್ದೆ.

ಮಗಳು: ಹಾಗಾದ್ರೆ ಅಪ್ಪ ಓದಲ್ವಾ?

ಅವಳ ಮುಖ ಇಷ್ಟೇ ಇಷ್ಟಾಯಿತು. ಪಂದ್ಯ ಕಟ್ಟುವಾಗ ಇಬ್ಬರು ದೊಡ್ಡವರಲ್ಲಿ ಒಬ್ಬರಿಗೂ ಈ ಮುಖ ನೆನಪಾಗಿರಲಿಲ್ಲ. ಇವರು ಕೈಗಡಿಯಾರ ನೋಡಿಕೊಂಡರು, ಮಗಳನ್ನು ನೋಡಿದರು, ಫೋನ್ ತೆಗೆದರು.

ಇವರು: ಹಲೋ... ಹತ್ತರಿಂದ ಹನ್ನೊಂದರ ತನಕ ನನ್ನ ಜಾಗದಲ್ಲಿ ನಿಂತ್ಕೊಳ್ಳಪ್ಪ... ಇಲ್ಲ ಇಲ್ಲ, ಆಸ್ಪತ್ರೆ ಏನಿಲ್ಲ... ಕಥೆ ಓದಬೇಕು... ಕಥೆ ಕಣಯ್ಯ, ಕಥೆ... ಹೌದು, ನಾನೇ.

ಆ ಕಡೆಯ ನಗು ನಮಗೆಲ್ಲ ಕೇಳಿಸಿತು. ಇವರ ಕಿವಿ ಕೆಂಪಾಯಿತು. ಫೋನ್ ಮಾತ್ರ ಕೂಡಲೇ ಇಡಲಿಲ್ಲ, ‘ಹನ್ನೊಂದಕ್ಕೆ’ ಎಂದು ಇನ್ನೊಮ್ಮೆ ಹೇಳಿ ಇಟ್ಟರು.

ಮಗಳು: ಅಪ್ಪ, ಹುಲಿ ಬಂದಾಗ ಜೋರಾಗಿ ಗರ್ಜಿಸಬೇಕು. ಅಮ್ಮ ಮಾಡಿದಾಗ ಬೆಕ್ಕು ಅಂದ್ಕೊಂಡ್ರು ಎಲ್ಲರೂ.

ಇವರು ಬಾಗಿಲ ತನಕ ಹೋಗಿ ತಿರುಗಿದರು.

ಇವರು: ಎರಡನೇ ತರಗತಿ ಯಾವ ಕಡೆ?

ನಾನು ಆಗಲೇ ಕುರ್ಚಿಯಿಂದ ಅರ್ಧ ಎದ್ದಿದ್ದೆ. ಕೋಣೆ ತೋರಿಸಬೇಕು, ಪುಸ್ತಕ ತೆಗೆದುಕೊಡಬೇಕು, ಚಿಕ್ಕ ಕುರ್ಚಿ ಮುರಿದೀತು, ನೆಲದ ಮೇಲೆ ಕೂರಿ ಎನ್ನಬೇಕು. ಆಯಮ್ಮ ಒರೆಸುವ ಕೋಲನ್ನು ನನಗೆ ಅಡ್ಡ ಹಿಡಿದಳು.

ಆಯಮ್ಮ: ಕೂತ್ಕೊಳ್ಳಿ ಮೇಡಂ, ನೆಲ ಒದ್ದೆ ಇದೆ. ಸಾರ್, ಪ್ರತಿ ಬಾಗಿಲ ಮೇಲೂ ಬರೆದಿದೆ. ಓದ್ಕೊಂಡು ಹೋಗಿ.

ಹೋದರು. ಹತ್ತಕ್ಕೆ ಆಯಮ್ಮನೂ ಗಂಟೆ ಹೊಡೆಯಲು ಹೋದಳು.

ಆಫೀಸಿನಲ್ಲಿ ನಾನೊಬ್ಬಳೇ. ತಂದೆಯ ಜಾಗದಲ್ಲಿದ್ದ ನನ್ನ ನಂಬರು ಅಳಿಸಿ ಇವರದನ್ನು ಹಾಕಿದೆ. ಅದು ಸುಲಭ. ಆಮೇಲೆ ಮೇಲಿನ ಸಾಲು ನೋಡುತ್ತ ಕೂತೆ. ಪತ್ರ ಇಬ್ಬರಿಗೂ ಹೋದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ‘ಪತ್ರ ಬಂತು, ನೀನು ನೋಡಿದ್ಯಲ್ಲ?’ ಎನ್ನುತ್ತಾರೆ. ‘ನೋಡಿದೆ’ ಎನ್ನುತ್ತೇನೆ. ಅಲ್ಲಿಗೆ ಅದು ನನ್ನದಾಯಿತು.

ತಾಯಿಯ ನಂಬರನ್ನೂ ಅಳಿಸಿದೆ.

ಆದರೆ ಪತ್ರ ಬರೆಯುವವಳೇ ನಾನು. ಅದರಲ್ಲಿ ನನಗೆ ತಿಳಿಯದ್ದೇನಿದೆ? ನಂಬರು ಅಳಿಸಿದಷ್ಟು ಸಲೀಸಾಗಿ ಬಾಯಿ ಮುಚ್ಚಿಕೊಳ್ಳಲು ಬರುವುದಿಲ್ಲ. ಭಾನುವಾರ ಸಂಜೆ ನಾಳೆಯ ಸಾಮಾನು ಮನೆಯಲ್ಲಿಲ್ಲ ಎಂದು ಕಣ್ಣಾರೆ ಕಂಡೂ ಸುಮ್ಮನೆ ಕೂರಬೇಕು. ಸೋಮವಾರ ಮಗಳು ಬರಿಗೈಲಿ ನಿಂತರೆ ‘ತಾಯಿ ಇದೇ ಆಫೀಸಿನಲ್ಲಿದ್ದಾಳೆ, ನೋಡಿ’ ಎನ್ನುತ್ತಾರೆ. ‘ತಂದೆ ಟೈಮ್ ಕೀಪರ್, ನೋಡಿ’ ಎಂದು ಯಾರೂ ಅನ್ನುವುದಿಲ್ಲ.

ಎದುರಿನ ಕೋಣೆಯಿಂದ ಇವರ ದನಿ ಕೇಳುತ್ತಿತ್ತು. ಹುಲಿ ಕಾಡಿಗೆ ಹೊರಟಿತ್ತು. ನಿಲ್ದಾಣದ ಎರಡನೇ ನಂಬರಿನ ಅಂಕಣದಿಂದ ಬಸ್ಸು ಹೊರಡುವಾಗ ಕೂಗುತ್ತಾರಲ್ಲ, ಅದೇ ರಾಗದಲ್ಲಿ ಹೊರಟಿತ್ತು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ತೆರೆಯ ಮೇಲೆ ಪ್ರಶ್ನೆ ಮೂಡಿತು: ‘ತಾಯಿಯ ನಂಬರ್ ಖಾಲಿ ಇದೆ. ಮುಂದುವರಿಯಬೇಕೇ?’

‘ಹೌದು’ ಒತ್ತಿದೆ.

‘ಖಚಿತವೇ?’ ಎಂದಿತು. ಕಂಪ್ಯೂಟರಿಗೂ ನನ್ನ ಗುಣ ಗೊತ್ತಾಗಿಬಿಟ್ಟಿತ್ತು.

ಮತ್ತೊಮ್ಮೆ ಒತ್ತಿದೆ.