ನವಲಗುಂದದಿಂದ ಟೋಂಗಾ, ವ್ಹಾಯಾ ಮೈದುನನ ಟೆಂಪೊ

ನಿವೃತ್ತಿಯಾದ ಮೇಲೆ ಬರುವ ಕಾಯಿಲೆಗಳಲ್ಲಿ ಸಕ್ಕರೆ ಕಾಯಿಲೆ, ಮಂಡಿನೋವು ಇವೆಲ್ಲ ಮರ್ಯಾದಸ್ಥ ಕಾಯಿಲೆಗಳು. ನನಗೆ ಬಂದದ್ದು ಪೆಸಿಫಿಕ್ ಮಹಾಸಾಗರ!

ನವಲಗುಂದದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು ನಾನು. ಸೇವೆಯುದ್ದಕ್ಕೂ ಗೋಡೆಯ ಮೇಲಿನ ನಕಾಶೆಗೆ ಕೋಲು ತಾಗಿಸಿ, "ಇದು ಫಿಜಿ, ಇದು ಟೋಂಗಾ, ಇದು ಸಮೋವಾ" ಎಂದು ತೋರಿಸುತ್ತ ಬಂದೆ. ಅಷ್ಟಗಲದ ನೀಲಿಯಲ್ಲಿ ಅವು ನೊಣ ಕೂತು ಎದ್ದುಹೋದಂಥ ಚುಕ್ಕೆಗಳು. ನಮ್ಮೂರ ಸುತ್ತ ಕಣ್ಣು ಮುಟ್ಟುವವರೆಗೂ ಎರೆಹೊಲ. ನೀರೆಂದರೆ ಕುಡಿಯುವ ನೀರಿನ ಕೆರೆ. ಅದರಲ್ಲಿ ಕಾಲಿಟ್ಟರೆ ಊರೇ ಎದ್ದು ಬೈಯುತ್ತದೆ. ಶಾಲೆಯ ಪ್ರವಾಸದಲ್ಲಿ ಒಮ್ಮೆ ಕಾರವಾರಕ್ಕೆ ಹೋಗಿದ್ದೆ. ಆಗ ನಾನು ನೋಡಿದ್ದು ಸಮುದ್ರವನ್ನಲ್ಲ, ಮಕ್ಕಳ ತಲೆಗಳನ್ನು. ಎಣಿಸಿ ಎಣಿಸಿ ಹೊತ್ತು ಮುಳುಗಿತು.

ನನ್ನ ಕಾಯಿಲೆಗೆ ಜೊತೆಯಾದವಳು ನಿರ್ಮಲಾ. ನಮ್ಮ ಶಾಲೆಯಲ್ಲೇ ವಿಜ್ಞಾನ ಕಲಿಸುತ್ತಿದ್ದವಳು. ಮದುವೆಯಾಗದೆ, ಯಾರ ಅಪ್ಪಣೆಯನ್ನೂ ಕೇಳದೆ ಬದುಕುವವಳು. ಸಂಜೆ ವಾಕಿಂಗ್ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ನಾನು ಅವಳ ಮಹಡಿ ಹತ್ತುತ್ತಿದ್ದೆ. ಇಬ್ಬರೂ ಮೊಬೈಲಿನಲ್ಲಿ ನಕಾಶೆ ಹಿಗ್ಗಿಸಿ ಕೂರುತ್ತಿದ್ದೆವು. ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ಫಿಜಿಗೆ ವಿಮಾನ. ಫಿಜಿಯಿಂದ ಸಣ್ಣ ವಿಮಾನದಲ್ಲಿ ಟೋಂಗಾ. ಟೋಂಗಾದ ಉತ್ತರಕ್ಕಿರುವ ದ್ವೀಪಗಳ ನಡುವೆ ಹಾಯಿದೋಣಿ. ನಡೆಸುವವನ ಸಮೇತ ಬಾಡಿಗೆಗೆ ಸಿಗುತ್ತದಂತೆ. ಆಮೇಲೆ ಸಮೋವಾ, ಕಡೆಗೆ ತಾಹಿತಿ. ಚಂಡಮಾರುತದ ತಿಂಗಳುಗಳನ್ನು ತಪ್ಪಿಸಿ ಹೊರಡುವುದೆಂದು ಭೂಗೋಳ ಶಿಕ್ಷಕಿಯಾದ ನಾನು ತೀರ್ಪು ಕೊಟ್ಟೆ. ಎಲ್ಲ ಅಪಾಯಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೆ, ನಮ್ಮ ಮನೆಯೊಂದನ್ನು ಬಿಟ್ಟು.

ಟಿಕೆಟ್ ತೆಗೆಸಿದ ಮೇಲೆ ಮನೆಯಲ್ಲಿ ಹೇಳಿದರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ನಿರ್ಮಲಾ ಒಂದು ತಕರಾರು ತೆಗೆದಳು.

"ಅಲ್ಲ ಗಿರಿಜಾ, ಬಸ್ಸಿನಾಗ ಹುಬ್ಬಳ್ಳಿ ಮುಟ್ಟೂದ್ರಾಗ ನೀ ನಿಂಬಿಕಾಯಿ ಮೂಸಾಕಿ. ಟೋಂಗಾದಾಗ ದೋಣಿ ಹತ್ತಿದ್ರ ಹೆಂಗ? ಮೊದಲ ಗೋವಾದಾಗ ಒಂದಿನ ಕೂತು ನೋಡೂಣು ನಡಿ."

ಅಳ್ನಾವರದಲ್ಲಿ ನಿರ್ಮಲಾಳ ಗೆಳತಿಯ ಗೃಹಪ್ರವೇಶವಿದೆ ಎಂದು ಮನೆಯಲ್ಲಿ ಹೇಳಿದೆ. ಒಳ್ಳೆಯ ಸುಳ್ಳಿಗೆ ಚಿಟಿಕೆಯಷ್ಟು ಸತ್ಯ ಬೆರೆತಿರಬೇಕು. ಗೋವಾದ ರೈಲು ಅಳ್ನಾವರದ ಮೇಲೇ ಹೋಗುತ್ತದಲ್ಲ!

ಗೋವಾದಲ್ಲಿ ನಮಗೆ ದೋಣಿ ಕಲಿಸಲು ಬಂದವನು ನನ್ನ ವಿದ್ಯಾರ್ಥಿಗಳ ವಯಸ್ಸಿನವನು. ಹಗ್ಗ ಎಳೆಯಿರಿ ಎಂದ. ನಾನು ಬಾವಿಯಿಂದ ಕೊಡ ಸೇದುವಂತೆ ಎಳೆದೆ. ಹಾಯಿಯ ಬುಡದ ಅಡ್ಡ ತೊಲೆ ಗರ್ರನೆ ತಿರುಗಿ ನಿರ್ಮಲಾಳ ತಲೆಗೆ ಬಡಿಯಿತು. ಅವಳನ್ನು ಹಿಡಿಯಲು ಬಗ್ಗಿದೆ. ಬಗ್ಗಿದ್ದೇ ತಪ್ಪಾಯಿತು. ಬೆಳಗಿನ ಅವಲಕ್ಕಿ ಗುರುಗಳ ಮೊಣಕಾಲಿಗೆ ಅರ್ಪಿತವಾಯಿತು!

ಆದರೆ ಆಮೇಲೆ ಗಾಳಿ ಕೂಡಿಬಂತು. ಹಾಯಿ ಹೊಟ್ಟೆಯುಬ್ಬಿಸಿತು. ದೋಣಿ ಒಂದು ಮಗ್ಗುಲಿಗೆ ವಾಲಿ ನೀರನ್ನು ಸೀಳುತ್ತ ಹೊರಟಿತು. ಎಂಜಿನ್ನಿಲ್ಲ, ಸದ್ದಿಲ್ಲ. ಉಪ್ಪು ಎಲ್ಲಿದೆ, ಚಹಾ ಆಯಿತೇ, ನನ್ನ ಕನ್ನಡಕ ಕಂಡಿಯಾ ಎಂದು ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಬುದ್ಧಿ ಬಂದಾಗಿನಿಂದ ಅಂಥದೊಂದು ಹೊತ್ತು ನನಗೆ ಸಿಕ್ಕಿರಲಿಲ್ಲ. ನನಗೇ ಗೊತ್ತಿಲ್ಲದಂತೆ ಕಣ್ಣಲ್ಲಿ ನೀರು ಬಂತು. ನಿರ್ಮಲಾ ಹಣೆಯ ಬುಗುಟನ್ನು ಒತ್ತಿಕೊಳ್ಳುತ್ತ, "ಟೋಂಗಾಕ್ಕ ಪಾಸಾದಿ ನೋಡು" ಎಂದಳು.

ಮರುದಿನ ಮನೆಗೆ ಬಂದಾಗ ನನ್ನ ಮೂಗಿನ ತೊಗಲು ಸುಲಿಯುತ್ತಿತ್ತು. ಮುಖ ಬದನೆಕಾಯಿ ಸುಟ್ಟಂತಾಗಿತ್ತು. ನನ್ನ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ, ಸುವರ್ಣಕ್ಕ ಬಾಗಿಲಲ್ಲೇ ತಡೆದಳು.

"ಏನ್ ಬೇ ಗಿರಿಜಾ, ಗೃಹಪ್ರವೇಶದಾಗ ನಿನ್ನೂ ಹೋಮಕ್ಕ ಹಾಕಿದ್ರೇನು?"

"ಬಿಸಲು ಬಾಳ ಇತ್ತಕ್ಕಾ."

ಅವಳು ನನ್ನ ಚೀಲ ಕೊಡವಿದಳು. ಬೊಗಸೆ ಉಸುಕು ಬಿತ್ತು.

"ಮನಿ ಕಟ್ಟಿದಲ್ಲೆ ಉಸುಕು ಇರೂದ ಅಲ್ಲೇನಕ್ಕಾ!" ಎಂದೆ. ನನ್ನ ಚುರುಕನ್ನು ನಾನೇ ಮೆಚ್ಚಿಕೊಂಡೆ.

ಒಳಗೆ ಚಹಾ ಕುಡಿಯುತ್ತಿದ್ದ ನನ್ನ ಮೈದುನ ಮಹಾಂತೇಶ ಬಟ್ಟಲು ಕೆಳಗಿಟ್ಟ. ಅವನದು ಟೆಂಪೊ ಟ್ರಾವೆಲರ್ ಬಾಡಿಗೆಗೆ ಬಿಡುವ ಉದ್ಯೋಗ. "ವೈನಿ, ನಿನ್ನೆ ನಾನೂ ಅಳ್ನಾವರದಾಗ ಇದ್ದೆ, ಬಾಡಿಗಿ ಇತ್ತು. ಮುಂಜಾನಿಂದ ಅಗದಿ ಜಡಿಮಳಿ. ನಿಮಗೊಬ್ಬರಿಗೆ ಬಿಸಲು ಎಲ್ಲಿಂದ ಬಿತ್ತರಿ?"

ಎಲ್ಲವನ್ನೂ ಒಪ್ಪಿಕೊಂಡೆ. ಗೋವಾ, ಹಾಯಿದೋಣಿ, ಫಿಜಿ, ಟೋಂಗಾ, ಸಮೋವಾ, ತಾಹಿತಿ. ಹೇಳಿ ಮುಗಿಸಿ ಬೈಸಿಕೊಳ್ಳಲು ತಯಾರಾಗಿ ನಿಂತೆ. ಅಂದು ಯಾರಾದರೂ ಬೈದಿದ್ದರೆ ಇಂದು ನಾನು ಟೋಂಗಾ ನೋಡಿದವಳಾಗಿರುತ್ತಿದ್ದೆ. ಬೈಗುಳವನ್ನು ದಾಟಿ ಹೋಗಬಹುದು. ಮನೆಯವರ ಪ್ರೀತಿಯನ್ನು ದಾಟುವ ವಿಮಾನ ಇನ್ನೂ ಬಂದಿಲ್ಲ.

ನಮ್ಮ ಮನೆಯವರು, ಎಂದರೆ ನನ್ನ ಗಂಡ, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮುಖ ಅರಳಿಸಿ, "ಅಷ್ಟ ಅಲ್ಲೇನು! ಕಳ್ಳರಂಗ ಯಾಕ ಹೋಗಬೇಕು? ನೀ ಒಬ್ಬಾಕಿನ ಯಾಕ ಹೋಗಬೇಕು? ಎಲ್ಲಾರೂ ಕೂಡೇ ಹೋಗೂಣು!" ಎಂದರು.

ಮಹಾಂತೇಶ ಎದೆ ತಟ್ಟಿಕೊಂಡ. "ವೈನಿ, ನೀವು ಅಗದಿ ನಿಶ್ಚಿಂತ ಇರ್ರಿ. ಎಲ್ಲಾ ನಾ ನೋಡ್ಕೋತೀನಿ."

ಈ ಮಾತನ್ನು ಕೇಳಿದ ಯಾವ ಹೆಣ್ಣುಮಗಳೂ ತನ್ನ ಜೀವನದಲ್ಲಿ ಮುಂದೆ ಏನನ್ನೂ ನೋಡಿದ ಉದಾಹರಣೆ ನಮ್ಮ ಮನೆತನದಲ್ಲಿಲ್ಲ.

ಮರುದಿನ ನಡುಮನೆಯಲ್ಲಿ ಪೆಸಿಫಿಕ್ ಮಹಾಸಾಗರದ ಕುರಿತು ಮೊದಲ ಸಭೆ ಸೇರಿತು. ನಾನು ಉತ್ಸಾಹದಿಂದ ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನು ವಿವರಿಸಿದೆ. ಎಲ್ಲ ಒಪ್ಪಿಕೊಂಡದ್ದು ಮೊದಲನೆಯದಾದರೆ, ಅದು ನನ್ನ ಎರಡನೆಯ ದೊಡ್ಡ ತಪ್ಪು. "ಸೋಮವಾರ ಟೋಂಗಾದಿಂದ ಹೊರಟರ ತಾಹಿತಿ ಮುಟ್ಟಿದಾಗ ಐತವಾರ ಆಗಿರ್ತೈತಿ" ಎಂದೆ.

ಸುವರ್ಣಕ್ಕ ಸೋಮವಾರದ ಉಪವಾಸದವಳು. "ಅಂದ್ರ ಮರುದಿನ ಮತ್ತ ಸೋಮವಾರ?"

"ಹೌದಕ್ಕಾ."

"ಟೋಂಗಾದಾಗ ಒಂದು ಉಪವಾಸ ಮಾಡಿ, ಅಲ್ಲಿಗೆ ಹೋಗಿ ಮತ್ತೊಂದು ಮಾಡಬೇಕು?"

"ಒಂದ ಮಾಡಿದ್ರ ನಡಿತೈತಕ್ಕಾ."

"ಯಾವುದು ಖರೇ ಸೋಮವಾರ, ಅದನ್ನ ಹೇಳು. ಪರಶಿವನ ಮುಂದ ಸುಳ್ಳ ಸೋಮವಾರ ಮಾಡಿ ನಾ ಪಾಪ ಕಟ್ಟಿಕೊಳ್ಳಾಂಗಿಲ್ಲ."

ಭೂಗೋಳಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಸಭೆಯು ಸರ್ವಾನುಮತದಿಂದ ತಾಹಿತಿಯನ್ನು ಕೈಬಿಟ್ಟಿತು.

ಹಾಯಿದೋಣಿಯ ಸರದಿ ಬಂತು. ಮಹಾಂತೇಶ ಕಡ್ಡಿ ಮುರಿದಂತೆ ಹೇಳಿದ: "ಎಂಜಿನ್ ಇಲ್ಲದ ಗಾಡಿ ನಾ ಹತ್ತಾಂವ ಅಲ್ಲರಿ. ನಡು ನೀರಾಗ ಗಾಳಿ ನಿಂತ್ರ ಇಳದು ತಳ್ಳಾವ್ರು ಯಾರು?" ಹಾಯಿದೋಣಿಯೂ ಮುಳುಗಿತು. ನಮ್ಮ ಮನೆಯವರ ಮಂಡಿಗೆ ಅಷ್ಟು ದೂರದ ವಿಮಾನ ಆಗಿಬರಲಿಲ್ಲ. ಫಿಜಿ ಹೋಯಿತು. ಫಿಜಿ ಹೋದ ಮೇಲೆ ಟೋಂಗಾಕ್ಕೂ ಸಮೋವಾಕ್ಕೂ ದಾರಿ ಎಲ್ಲಿ? ಕಡೆಗೆ, ದ್ವೀಪವೆಂದರೆ ದ್ವೀಪ, ಅಂಡಮಾನಿಗೇ ಹೋಗೋಣವೆಂದು ಠರಾವಾಯಿತು. ಎಲ್ಲ ಸಮುದ್ರಗಳ ನೀರೂ ಒಂದೇ ಅಲ್ಲವೇ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಸ್ವಲ್ಪ ಬಿಟ್ಟು ಬಹಳ ಉಳಿಸಿಕೊಂಡ ಚಾಣಾಕ್ಷೆ ನಾನೆಂಬ ಹೆಮ್ಮೆ ಬೇರೆ!

ಆ ಹೆಮ್ಮೆಯನ್ನು ಹೊತ್ತುಕೊಂಡು ನಿರ್ಮಲಾಳ ಮಹಡಿ ಹತ್ತಿದೆ.

"ನೀನೂ ಬಾ ನಮ್ಮ ಜೋಡಿ. ಅಂಡಮಾನ್ ಬಾಳ ಚಲೋ ಐತಂತ."

ಅವಳು ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. "ದೋಣಿ?"

"ಅಲ್ಲಿ ದೊಡ್ಡ ಹಡಗ ಇರ್ತಾವಲ್ಲ. ಎಂಜಿನ್ನಿಂದು."

"ಗೋವಾದಾಗ ಯಾಕ ಅತ್ತಿ ನೀನು?"

ಅವಳು ಮಡಚಿಟ್ಟ ಟವೆಲನ್ನು ಬಿಚ್ಚಿ ನಾನು ಮತ್ತೊಮ್ಮೆ ಮಡಚಿದೆ.

"ನಾ ಟಿಕೀಟ ತಗಸಾಕಿ ಇದ್ದೀನಿ ಗಿರಿಜಾ. ಇನ್ನ ಎಂಟು ದಿನ ಕಾಯ್ತೀನಿ. ಮನ್ಯಾಗ 'ನಾ ಹೋಗ್ತೀನಿ' ಅಂತ ಒಂದ ಮಾತು ಹೇಳಿ ಬಾ. 'ಹೋಗಲೇನು' ಅಂತ ಕೇಳಬ್ಯಾಡ. ಹೇಳು."

ಮನೆಗೆ ಬಂದೆ. ನಮ್ಮ ಮನೆಯವರು ಜಗಲಿಯ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಏನ್ರಿ, ನಾ..." ಎಂದೆ. ಅವರು ತಲೆಯೆತ್ತಿ, ಬಲು ಅಕ್ಕರೆಯಿಂದ, "ಅಂಡಮಾನಿಗೆ ಹೋಗೂವಾಗ ಶೇಂಗಾ ಚಟ್ನಿ ಒಂದೀಟು ಜಾಸ್ತಿ ಮಾಡು. ಅಲ್ಲಿ ಊಟ ಹೆಂಗಿರ್ತೈತೋ ಏನೋ" ಎಂದರು. ಶೇಂಗಾ ಹುರಿಯಲು ಒಳಗೆ ಹೋದೆ. ಎಂಟು ದಿನಗಳಲ್ಲಿ ನಾನು ಆ ಒಂದು ಮಾತನ್ನು ಒಲೆಗೆ ಹೇಳಿದೆ, ಕನ್ನಡಿಗೆ ಹೇಳಿದೆ, ಹಿತ್ತಲ ಕರಿಬೇವಿನ ಗಿಡಕ್ಕೆ ಹೇಳಿದೆ. ಅವರಾರೂ ಬೇಡವೆನ್ನಲಿಲ್ಲ.

ನಿರ್ಮಲಾ ಹೋದಳು. ಟೋಂಗಾದಿಂದ ಫೋಟೊ ಕಳಿಸಿದಳು. ಬಿಳಿ ಹಾಯಿಯ ಕೆಳಗೆ, ಹಗ್ಗ ಹಿಡಿದು, ಪಂಜಾಬಿ ಡ್ರೆಸ್ಸು ಹಾಕಿಕೊಂಡು ನಿಂತಿದ್ದಳು. ಬಾಯಿ ತೆರೆದು ನಗುತ್ತಿದ್ದಳು. ಶಾಲೆಯಲ್ಲಿ ಅಷ್ಟು ವರ್ಷ ಅವಳ ಅಷ್ಟೂ ಹಲ್ಲುಗಳನ್ನು ನಾನು ನೋಡಿರಲಿಲ್ಲ. "ಬಾಳ ಛಂದ" ಎಂದು ಬರೆದು ಗುಲಾಬಿ ಹೂವೊಂದನ್ನು ಒತ್ತಿದೆ. ಆ ದಿನದ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಎಲ್ಲರೂ ಬೈದುಕೊಂಡೇ ಉಂಡರು. ನನಗೆ ಒಳಗೊಳಗೇ ಸ್ವಲ್ಪ ಸಮಾಧಾನವಾಯಿತು.

ಇತ್ತ ಅಂಡಮಾನಿನ ಸುದ್ದಿ ಬಳಗಕ್ಕೆಲ್ಲ ಹಬ್ಬಿ, ಕುಂದಗೋಳದ ಬೀಗರೂ ಮಿಶ್ರಿಕೋಟಿಯ ಚಿಗವ್ವನ ಮನೆಯವರೂ ಸೇರಿಕೊಂಡರು. ಚಿಗವ್ವ ಕೇಳಿದಳು: "ಅಂಡಮಾನ್ ಅಂದ್ರ ಜೇಲ್ ಇದ್ದದ್ದಲ್ಲೇನು? ರೊಕ್ಕಾ ಕೊಟ್ಟು ಜೇಲಿಗೆ ಹೋಗಾವ್ರು ನೀವ ನೋಡವ್ವಾ ಮೊದಲು!" ಅಂಡಮಾನ್ ಬಿತ್ತು. ಗೋವಾ ಎಂದೆ. "ಗೋವಾಕ್ಕ ಮರ್ಯಾದಸ್ಥರು ಹೋಗ್ತಾರೇನ್ರಿ?" ಎಂದರು ಬೀಗರು. ಎಲ್ಲರೂ, ತೊಗಲು ಸುಲಿದು ಎಂದೋ ಮಾಯ್ದಿದ್ದ ನನ್ನ ಮೂಗಿನತ್ತ ನೋಡಿದರು. ಮಹಾಂತೇಶ ತೊಡೆ ತಟ್ಟಿ ಎದ್ದ: "ಬಿಡ್ರಿ, ದಾಂಡೇಲಿ ಕಡೆ ಒಂದು ಹಿನ್ನೀರು ಐತಿ. ಬೋಟಿಂಗ್ ಐತಿ. ನಡುವ ಒಂದು ದ್ವೀಪಾನೂ ಐತಿ. ನಮ್ಮ ಟೆಂಪೊ ಐತಿ. ಮುಂಜಾನೆ ಹೋಗಿ ಸಂಜಿಗೆ ಬಂದು ಬಿಡೂಣು!"

ಹೀಗೆ ಜಗತ್ತಿನ ಅತಿ ದೊಡ್ಡ ಮಹಾಸಾಗರವು ಬತ್ತುತ್ತ ಬತ್ತುತ್ತ ಒಂದು ಹಿನ್ನೀರಿಗೆ ಬಂದು ನಿಂತಿತು. ಮಾಡಿದ್ದು ಯಾವ ವೈರಿಯೂ ಅಲ್ಲ. ಪ್ರತಿ ಸಭೆಯಲ್ಲೂ "ಆಗಲಿ ಬಿಡ್ರಿ" ಎಂದವಳು ನಾನೇ.

ಹೊರಡುವ ದಿನ ನಸುಕಿನಲ್ಲೆದ್ದು ರೊಟ್ಟಿ ಬಡಿದೆ. ಬದನೆಕಾಯಿ ಪಲ್ಯ, ಚಟ್ನಿ, ಮೊಸರು, ಚುರಮುರಿ, ಎಲ್ಲವನ್ನೂ ಚೀಲಗಳಿಗೆ ತುಂಬಿದೆ. ಟೆಂಪೊದಲ್ಲಿ ಒಬ್ಬರ ಮೇಲೊಬ್ಬರು ಕೂತೆವು. ಕಲಘಟಗಿ ದಾಟುವುದರೊಳಗೆ ಚಿಗವ್ವನಿಗೆ ವಾಂತಿಯಾಯಿತು. ಅನುಭವಸ್ಥಳೆಂದು ನನ್ನನ್ನು ಅವಳ ಬಾಜು ಕೂರಿಸಿದರು.

ಹಿನ್ನೀರಿನ ದಂಡೆಗೆ ಮುಟ್ಟಿದೆವು. ನೀರು ದೊಡ್ಡದಾಗಿಯೇ ಇತ್ತು. ನಡುವೆ ನಾಲ್ಕು ಗಿಡ ನಿಂತ ದಿಬ್ಬವೊಂದಿತ್ತು. ಮಹಾಂತೇಶ ಅದರತ್ತ ಕೈ ಚಾಚಿ, ತಾನೇ ಸೃಷ್ಟಿಸಿದಂತೆ, "ತಗೋರಿ ವೈನಿ, ನಿಮ್ಮ ದ್ವೀಪ!" ಎಂದ. ಖರೆ ಹೇಳುತ್ತೇನೆ, ಅದನ್ನು ನೋಡಿ ನನ್ನ ಮನಸ್ಸು ಒಂದು ಸಲ ಕುಣಿಯಿತು. ಇಷ್ಟಾದರೂ ಆಯಿತಲ್ಲ ಎಂದುಕೊಂಡು ಸೀರೆ ಎತ್ತಿ ಕಟ್ಟಿದೆ. ಕಿತ್ತಳೆ ಬಣ್ಣದ ತೇಲುವ ಜಾಕೀಟನ್ನು ಎಲ್ಲರಿಗಿಂತ ಮೊದಲು ತೊಟ್ಟೆ.

ಎಲ್ಲರೂ ದಂಡೆಯಲ್ಲೇ ಚಪ್ಪಲಿ ಕಳಚಿ ಹತ್ತಿದರು. ನಾನು ಕಾಲೆತ್ತುವಷ್ಟರಲ್ಲಿ ಬೋಟಿನವನು ಕೈ ಅಡ್ಡ ಹಿಡಿದ. "ಬೋಟು ತುಂಬೇತ್ರಿ. ಒಬ್ಬರು ಹೆಚ್ಚಾಗತಾರ. ಯಾರರೆ ಒಬ್ಬರು ಇಳೀರಿ."

ಎಲ್ಲರೂ ತಂತಮ್ಮ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಸುವರ್ಣಕ್ಕ ನನ್ನನ್ನು ನೋಡಿದಳು. ಚಿಗವ್ವ ನೋಡಿದಳು. ಬೀಗರು ನೋಡಿದರು. ಮಹಾಂತೇಶ ಬಹಳ ಮೆತ್ತಗೆ, ಪ್ರೀತಿಯಿಂದ ಹೇಳಿದ: "ವೈನಿ, ನೀವು ಹೆಂಗೂ ಸಮುದ್ರಾನ ನೋಡಿ ಬಂದಾವ್ರು. ನಿಮಗ ಇದೇನು ದೊಡ್ಡದು? ಚೀಲಾ ಚಪ್ಪಲಿ ನೋಡ್ಕೊಳ್ಳಾಕೂ ಒಬ್ಬರು ಬೇಕಲ್ಲರಿ."

ನಮ್ಮ ಮನೆಯವರು, "ಹೌದ್ ನೋಡು. ಇಲ್ಲಿ ಮಂಗ್ಯಾ ಬಾಳ ಅದಾವ" ಎಂದರು.

ನಾನೇನೆಂದೆ ಗೊತ್ತೇ? "ಹೋಗ್ರಿ ಹೋಗ್ರಿ, ನಾ ಆರಾಮ ಕುಂತಿರ್ತೀನಿ" ಎಂದೆ. ನಗುತ್ತ ಎಂದೆ. ಕೈಯನ್ನೂ ಬೀಸಿದೆ!

ಬೋಟು ಎಂಜಿನ್ ಸದ್ದು ಮಾಡುತ್ತ, ಹೊಗೆ ಬಿಡುತ್ತ ದಿಬ್ಬದತ್ತ ಹೋಯಿತು. ನಾನು ಗಿಡದ ನೆರಳಲ್ಲಿ ಕೂತೆ. ಸುತ್ತ ಚೀಲಗಳು, ಮುಂದೆ ಜೋಡಿ ಜೋಡಿಯಾಗಿ ಚಪ್ಪಲಿಗಳು. ಮಂಗವೊಂದು ಬಂದು ರೊಟ್ಟಿಯ ಚೀಲ ನೋಡಿತು, ಕೋಲು ತೋರಿಸಿದೆ. ಕೋಲು ಹಿಡಿಯುವುದರಲ್ಲಿ ನನಗೆ ಇಡೀ ಸೇವೆಯ ಅನುಭವವಿದೆ.

ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು, ಹೊಸದಾಗಿ ಮದುವೆಯಾದವರು, ಇನ್ನೊಂದು ದೋಣಿ ಹತ್ತಲು ಬಂದರು. ಹುಡುಗಿ ನನ್ನ ಮುಂದಿನ ಸಾಲು ನೋಡಿ, ತನ್ನ ಚಪ್ಪಲಿ ಕಳಚಿ, ವಿನಯದಿಂದ ಕೇಳಿದಳು: "ಅಮ್ಮಾರ, ಚಪ್ಪಲಿ ಇಲ್ಲೇ ಬಿಡೂದೇನ್ರಿ?"

ನಾನು ಭೂಗೋಳದ ಶಿಕ್ಷಕಿ, ಚಪ್ಪಲಿ ಕಾಯುವವಳಲ್ಲ ಎಂದು ಹೇಳಬೇಕಿತ್ತು. ಒಂದೇ ಮಾತು.

"ಆ ಕಡೆ ಬಿಡವ್ವಾ" ಎಂದೆ. "ಈ ಕಡೆ ನಮ್ಮ ಮಂದೀವು ಅದಾವ. ಅದಲು ಬದಲು ಆದಾವು."

ಬೋಟು ತಿರುಗಿ ಬಂತು. ಸುವರ್ಣಕ್ಕ ಇಳಿಯುತ್ತಲೇ ಮೂಗು ಮುರಿದಳು. "ಅಲ್ಲೇನೈತಿ ಬಿಡ ಗಿರಿಜಾ, ಬರೇ ನೀರು!"

ರೊಟ್ಟಿ ಬಡಿಸುತ್ತಿದ್ದಾಗ ಆ ಹುಡುಗಿಯೂ ಗಂಡನೂ ಮರಳಿದರು. ಚಪ್ಪಲಿ ಮೆಟ್ಟಿಕೊಂಡು, ಇಡೀ ಬಳಗ ನೋಡುತ್ತಿರುವಂತೆ ನನ್ನ ಕೈಗೆ ಐದು ರೂಪಾಯಿಯ ನಾಣ್ಯವೊಂದನ್ನಿಟ್ಟು ಹೋದರು. ಬೇಡವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಬಾಯಿಂದ ಅಭ್ಯಾಸಬಲದಿಂದ ಹೊರಟ ಮಾತು ಇದು:

"ಆಗಲಿ ಬಿಡ್ರಿ."