ಒಂದು ಉಸಿರಿಗೆ ಇಷ್ಟು ರಗಳೆ

ಕಲಾವಿದೆ: ಇಷ್ಟೇನಾ? ಇಡೀ ಕಂತಿನಲ್ಲಿ ನನಗಿರೋದು ಇಷ್ಟೇನಾ? ಬರೀ "ಹ್"! ಇದೂ ಒಂದು ಮಾತಾ? ನಮ್ಮನೆ ಕುಕ್ಕರ್ ಇದಕ್ಕಿಂತ ಜಾಸ್ತಿ ಮಾತಾಡುತ್ತೆ.

ಲೇಖಕ: ಅದು ಮಾತಲ್ಲ ಮೇಡಂ, ಉಸಿರು. ನೋಡಿದ ಕೂಡ್ಲೇ ಗೊತ್ತಾಗ್ಲಿ ಅಂತ ಹಾಗೆ ಬರೆದಿದ್ದೀನಿ.

ಕಲಾವಿದೆ: ಉಸಿರು ಬರೆಯೋದಕ್ಕೆ ಒಬ್ಬ ಲೇಖಕ ಬೇಕಾ? ಅದು ತಾನಾಗೇ ಬರುತ್ತೆ!

ಲೇಖಕ: ಬರ್ತಿಲ್ವಲ್ಲ! ಬೆಳಗ್ಗೆಯಿಂದ ಕಾಯ್ತಾ ಇದ್ದೀನಿ, ಬರ್ತಾನೇ ಇಲ್ವಲ್ಲ!

ಗೋಡೆಗೆಲ್ಲ ಸ್ಪಂಜು ಬಡಿದಿದ್ದ ಪುಟ್ಟ ಡಬ್ಬಿಂಗ್ ಕೋಣೆ. ಕಲಾವಿದೆ ಮೈಕಿನ ಮುಂದೆ ನಿಂತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಸಂಭಾಷಣೆ ಬರೆದ ಲೇಖಕ. ಗಾಜಿನ ಆಚೆ ಧ್ವನಿಮುದ್ರಣದ ಯಂತ್ರದ ಮುಂದೆ ಕೂತಿದ್ದವನು ಅವಳ ಗಂಡ. ಬೇರೆ ಭಾಷೆಯಿಂದ ಬರುತ್ತಿದ್ದ ಒಂದು ಮಾಯಾಲೋಕದ ಧಾರಾವಾಹಿಗೆ ಮೊದಲ ಸರಣಿಯಿಂದಲೂ ನಾಯಕಿಯ ಬಾಯಿ ಇವಳೇ. ನಾಯಕಿ ರಾಜಕುಮಾರಿ, ಸಿಟ್ಟು ಬಂದರೆ ಅಂಗೈಯಿಂದ ಬೆಂಕಿ ಚಿಮ್ಮುತ್ತಿತ್ತು. ಮಾತಿಗೆ ಮುಂಚೆ ಸಿಟ್ಟು ಬರುತ್ತಿದ್ದುದರಿಂದ ಕಲಾವಿದೆ ಇಷ್ಟು ವರ್ಷ ಹೊಟ್ಟೆ ತುಂಬ ಕಿರುಚಿದ್ದಳು. ಜೊತೆಯವರು ಅವಳನ್ನು ಕರೆಯುತ್ತಿದ್ದುದೇ ಕಿರುಚಮ್ಮ ಎಂದು. ಅದನ್ನವಳು ಬಿರುದೆಂದೇ ತಿಳಿದಿದ್ದಳು.

ಕಲಾವಿದೆ: ಇವಳಿಗೇನಾಯ್ತು ಅಂತ ನನಗೆ ಅರ್ಥ ಆಗ್ತಿಲ್ಲ. ಹೋದ ಸರಣಿವರೆಗೂ ಚೆನ್ನಾಗಿದ್ಲು. ಕಾಲಿಗೆ ಮುಳ್ಳು ಚುಚ್ಚಿದ್ರೆ ಒಂದು ಕಾಡೇ ಸುಟ್ಟುಹಾಕ್ತಿದ್ಲು. ಪಾಪದ ಹುಡುಗಿ.

ಲೇಖಕ: ಬೆಳೆದಿದ್ದಾಳೆ ಮೇಡಂ. ಮನಸ್ಸು ಬೆಳೆದಿದೆ. ಈಗ ಅವಳಿಗೆ ಎಲ್ಲಾ ಅರ್ಥ ಆಗುತ್ತೆ.

ಕಲಾವಿದೆ: ಅರ್ಥ ಆದೋರು ಬಾಯಿ ಮುಚ್ಕೋಬೇಕಾ?

ಲೇಖಕ: ಮುಚ್ಕೋಬೇಕು ಅಂತಲ್ಲ. ಕೂಗಾಡಲ್ಲ, ಅಷ್ಟೆ.

ಕಲಾವಿದೆ: ಓಹೋ. ಹಾಗಾದ್ರೆ ನಾನಿನ್ನೂ ಬೆಳೆದಿಲ್ಲ.

ಲೇಖಕ: ನಾನು ಪಾತ್ರದ ಬಗ್ಗೆ ಹೇಳಿದ್ದು!

ಕಲಾವಿದೆ: ಪಾತ್ರದ ಬಾಯಿ ಯಾರದ್ದು?

ಲೇಖಕ ಸೂರು ನೋಡಿದ. ಅಲ್ಲಿಯೂ ಸ್ಪಂಜೇ ಇತ್ತು. ಗಂಟಲು ಸರಿಮಾಡಿಕೊಂಡು ಸನ್ನಿವೇಶವನ್ನು ಮೊದಲಿನಿಂದ ವಿವರಿಸತೊಡಗಿದ.

ಲೇಖಕ: ನೋಡಿ, ಈ ರಾಜ ಅವಳಪ್ಪ. ಅಂಗೈ ಬೆಂಕಿಗೆ ಹೆದರಿ ಹಸುಗೂಸನ್ನ ಕಾಡಲ್ಲಿ ಬಿಟ್ಟೋನು. ಇವಳು ಸೈನ್ಯ ಕಟ್ಕೊಂಡು ವಾಪಸ್ ಬಂದಿದ್ದಾಳೆ. ಒಂದೇ ಒಂದು ಪ್ರಶ್ನೆ ಕೇಳ್ಬೇಕು: ನನ್ನನ್ನ ಯಾಕೆ ಬಿಟ್ರಿ? ಆದ್ರೆ ಮಾಟಗಾತಿ ಮಂತ್ರ ಹಾಕಿ ರಾಜನ ನೆನಪೆಲ್ಲ ಅಳಿಸಿದ್ದಾಳೆ. ಅರಮನೆ ಮೆಟ್ಟಿಲ ಮೇಲೆ ಕೂತು ಚಪ್ಪಲಿ ದಾರ ಕಟ್ಕೊಳ್ಳೋಕೆ ಒದ್ದಾಡ್ತಿದ್ದಾನೆ. ಇವಳ ಅಂಗೈಲಿ ಬೆಂಕಿ ಹತ್ಕೊಳ್ಳುತ್ತೆ. ಮುಷ್ಟಿ ಹಿಡಿದು ಆರಿಸ್ತಾಳೆ. ಪಕ್ಕದಲ್ಲಿ ಕೂತು ದಾರ ಕಟ್ತಾಳೆ. ಆಗ ಒಂದು ಉಸಿರು.

ಕಲಾವಿದೆ: ಪ್ರಶ್ನೆ ಕೇಳೋದೇ ಇಲ್ವಾ?

ಲೇಖಕ: ಇಲ್ಲ.

ಕಲಾವಿದೆ: ಸೈನ್ಯ ಯಾಕೆ ಕರ್ಕೊಂಡು ಬಂದ್ಲು ಮತ್ತೆ? ಚಪ್ಪಲಿ ದಾರ ಹಿಡ್ಕೊಳ್ಳೋಕಾ?

ಲೇಖಕ: ಮೇಡಂ, ಇನ್ನೊಂದ್ಸಲ ಪ್ರಯತ್ನ ಮಾಡಿ.

ಪರದೆಯ ಮೇಲೆ ರಾಜಕುಮಾರಿ ಮುಷ್ಟಿ ಬಿಗಿದಳು. ಕಲಾವಿದೆ ಉಸಿರು ಬಿಟ್ಟಳು.

ಲೇಖಕ: ಇದು ಮಹಡಿ ಹತ್ತಿ ಬಂದೋರ ಉಸಿರು.

ಮತ್ತೊಮ್ಮೆ ಬಿಟ್ಟಳು.

ಲೇಖಕ: ಇದು ಬಿಸಿ ಕಾಫಿ ಆರಿಸೋರ ಉಸಿರು.

ಕಲಾವಿದೆ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಪ್ರಾಣವನ್ನೆಲ್ಲ ಒಟ್ಟುಮಾಡಿ ಬಿಟ್ಟಳು.

ಲೇಖಕ: ಇದು ಸ್ನಾನದ ಮನೇಲಿ ಹಲ್ಲಿ ಕಂಡಿದ್ದು.

ಗಾಜಿನ ಆಚೆಯಿಂದ ಸ್ಪೀಕರಿನಲ್ಲಿ ಗಂಡನ ಧ್ವನಿ ಬಂತು.

ಗಂಡ: ಸ್ವಲ್ಪ ಮೈಕಿನ ಹತ್ರ ಬರೋಕೆ ಹೇಳಿ.

ಕಲಾವಿದೆ: ನನ್ನ ಹತ್ರ ಮಾತಾಡ್ಬೇಡಿ ಅಂತ ಅವರಿಗೆ ಹೇಳಿ.

ಲೇಖಕ: ಮೇಡಂ, ಅವರಿಗೆ ಕೇಳಿಸ್ತು. ಅವರ ಕೆಲಸಾನೇ ಕೇಳಿಸ್ಕೊಳ್ಳೋದು.

ಕಲಾವಿದೆ: ಮನೇಲಿ ಆ ಕೆಲಸಕ್ಕೆ ರಜಾ.

ಗಂಡ: ಏನು ಕೋಪ ಅಂತ ಕೇಳಿ.

ಲೇಖಕ: ಏನು ಕೋಪ ಮೇಡಂ?

ಕಲಾವಿದೆ: ನಿನ್ನೆ ಧಾರಾವಾಹಿಯವರ ಕಚೇರಿಯಿಂದ ಫೋನ್ ಬಂದಿತ್ತು. "ನಿಮ್ಮ ಯಜಮಾನ್ರು ನಾಯಕಿಗೆ ಬೇರೆ ಧ್ವನಿ ಕಳಿಸಿದ್ದಾರೆ, ಈ ಕಂತು ನೀವು ಸರಿಯಾಗಿ ಮಾಡಿದ್ರೆ ಸರಿ, ಇಲ್ದಿದ್ರೆ ಮುಂದಿನ ಕಂತಿಂದ ಆ ಧ್ವನೀನೇ ತಗೋತೀವಿ" ಅಂದ್ರು. ಕಟ್ಕೊಂಡ ಗಂಡ! ನಾನು ಅಡುಗೆಮನೇಲಿ ಅವರ ಶರಟಿನ ಗುಂಡಿ ಹೊಲೀತಿದ್ದೆ. ಅರ್ಧಕ್ಕೇ ಬಿಟ್ಟೆ.

ಗಂಡ ಮೆಲ್ಲನೆ ತನ್ನ ಶರಟಿನ ಎದೆಯಲ್ಲಿ ಜೋತಾಡುತ್ತಿದ್ದ ಗುಂಡಿ ಮುಟ್ಟಿ ನೋಡಿಕೊಂಡ.

ಲೇಖಕ: ಓ, ಆ ಧ್ವನಿನಾ! ನಾನೂ ಕೇಳಿದೆ ಮೇಡಂ. ಎಂಥಾ ಧ್ವನಿ ಗೊತ್ತಾ! ಆಡಂಬರ ಇಲ್ಲ, ಅವಸರ ಇಲ್ಲ, ನೀರು ಹರಿದ ಹಾಗೆ...

ಕಲಾವಿದೆ ತಿರುಗಿ ನೋಡಿದಳು. ಲೇಖಕನ ನೀರು ಅಲ್ಲಿಗೇ ನಿಂತಿತು.

ಕಲಾವಿದೆ: ಯಾರವಳು?

ಲೇಖಕ: ಹೆಸರು ಹೇಳ್ಲಿಲ್ಲ.

ಕಲಾವಿದೆ: ಹೆಸರು ಹೇಳದೇ ಇರೋ ಅಂಥವಳು! ಹಾಕ್ಸಿ. ನಾನೂ ಕೇಳ್ತೀನಿ.

ಗಂಡ: ಈಗ ಬೇಡ ಅಂತ ಹೇಳಿ. ಮೊದಲು ಕೆಲಸ ಮುಗೀಲಿ.

ಕಲಾವಿದೆ: ಈಗಲೇ ಬೇಕು ಅಂತ ಹೇಳಿ.

ಲೇಖಕ: ನೀವಿಬ್ಬರೂ ಒಂದು ಕೆಲಸ ಮಾಡಿ, ನನ್ನನ್ನ ಹೊರಗೆ ಬಿಟ್ಟುಬಿಡಿ.

ಗಂಡ ಯಂತ್ರದ ಒಂದು ಗುಂಡಿ ಒತ್ತಿದ. ಕಲಾವಿದೆಯ ಹೆಡ್‌ಫೋನಿನಲ್ಲಿ ಚಮಚ ಬಟ್ಟಲಿಗೆ ತಾಕಿದ ಸದ್ದು, ಹಿಂದೆಯೇ ತಗ್ಗಿದ ದನಿಯಲ್ಲಿ ಒಬ್ಬ ಹೆಂಗಸು: "ಬಾಯಿ ತೆಗೀರಿ. ಬಿಸಿ ಇಲ್ಲ, ಆರಿಸಿದ್ದೀನಿ."

ಕಲಾವಿದೆ: ಇವಳಾ? ಇವಳಿಗೆ ಗಂಟಲೇ ಇಲ್ವಲ್ರೀ! ನಿದ್ದೆಯಿಂದ ಎದ್ದು ಬಂದ ಹಾಗಿದೆ. ಉಚ್ಚಾರಣೆ ನೋಡಿ, ಅರ್ಧ ಅಕ್ಷರ ನುಂಗ್ತಾಳೆ.

ಲೇಖಕ: ಅದೇ ಚೆಂದ.

ಕಲಾವಿದೆ: ಇರಿ, ಇರಿ. ಯಾರಿಗೆ ತಿನ್ನಿಸ್ತಾ ಇದ್ದಾಳೆ ಇವಳು? ಚಮಚದಲ್ಲಿ! ಅವರಿಗಾ?

ಗಂಡ: ನನಗೆ ಯಾವತ್ತು ಯಾರು ತಿನ್ನಿಸಿದ್ದಾರೆ ಅಂತ ಕೇಳಿ.

ಕಲಾವಿದೆ: ಆಸೆ ನೋಡಿ!

ಹೆಡ್‌ಫೋನಿನ ಹೆಂಗಸು ಮುಂದುವರಿಸಿದಳು: "ಇನ್ನೊಂದು ಚಮಚ. ಹ್ಞಾಂ. ನಾನ್ಯಾರು ಅಂತ ಗೊತ್ತಾಗ್ದಿದ್ರೆ ಪರವಾಗಿಲ್ಲ ಬಿಡಿ. ನೀವ್ಯಾರು ಅಂತ ನನಗೆ ಗೊತ್ತಲ್ಲ, ಅಷ್ಟು ಸಾಕು."

ಕಲಾವಿದೆ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆ ಮಾತು ತನ್ನದೇ. ಇಷ್ಟು ವರ್ಷ ಊರಿಗೆಲ್ಲ ಧ್ವನಿ ಕೊಟ್ಟವಳು, ಸ್ವಂತ ಧ್ವನಿಯನ್ನು ಹೊರಗಿನಿಂದ ಒಮ್ಮೆಯೂ ಕೇಳಿದವಳಲ್ಲ. ಕೇಳಿದ್ದೆಲ್ಲ ರಾಜಕುಮಾರಿಯರದು, ರಾಕ್ಷಸಿಯರದು, ಸೋಪಿನ ಜಾಹೀರಾತಿನವರದು. ಅಷ್ಟರಲ್ಲಿ ಒಬ್ಬ ಮುದುಕನ ದನಿ ಬಂತು, ನಡುಗುತ್ತ, ಸಂಕೋಚದಿಂದ: "ಒಳ್ಳೇ ಹುಡುಗಿ ಕಣಮ್ಮ ನೀನು. ಯಾರ ಮಗಳು?"

ಅವಳಪ್ಪ. ಮರೆವಿನ ಕಾಯಿಲೆ ಬಂದ ಮೇಲೆ ಮಗಳ ಮನೆಯ ಹಿಂದಿನ ಕೋಣೆಯಲ್ಲೇ ಇದ್ದರು.

ಕಲಾವಿದೆಯ ಎದೆ ಮೇಲೆದ್ದಿತು, ಹಾಗೇ ತಡೆಯಿತು, ಆಮೇಲೆ ಮೆಲ್ಲಗೆ ಇಳಿಯಿತು. ಕೋಣೆಯೊಳಗೆ ಸದ್ದೆಂದು ಬಂದದ್ದು ಅದೊಂದೇ ಉಸಿರು.

ಲೇಖಕ ಸ್ಟೂಲಿನಿಂದ ಎದ್ದು ನಿಂತ.

ಲೇಖಕ: ಇದೇ! ಇದೇ ಮೇಡಂ! ಬಂತು! ಅಯ್ಯೋ, ರೆಕಾರ್ಡ್ ಆಯ್ತೋ ಇಲ್ವೋ!

ಗಂಡ: ಆಗಿದೆ.

ಕಲಾವಿದೆ ಹೆಡ್‌ಫೋನು ಕಳಚಿ, ಇಷ್ಟು ಹೊತ್ತಿನಲ್ಲಿ ಮೊದಲ ಸಲ, ಗಾಜಿನ ಕಡೆಗೆ ತಿರುಗಿ ನೇರವಾಗಿ ಮಾತಾಡಿದಳು.

ಕಲಾವಿದೆ: ಅದನ್ನ ಯಾವಾಗ ಹಿಡಿದ್ರಿ?

ಗಂಡ: ಹೊಸ ಮೈಕು ತಂದಿದ್ನಲ್ಲ, ಹಜಾರದಲ್ಲಿಟ್ಟು ಪರೀಕ್ಷೆ ಮಾಡ್ತಿದ್ದೆ. ನೀನು ಒಳಗೆ ಮಾವನಿಗೆ ಊಟ ಮಾಡಿಸ್ತಿದ್ದೆ. ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ.

ಕಲಾವಿದೆ: ನನ್ನ ಹೆಸರು ಯಾಕೆ ಹೇಳ್ಲಿಲ್ಲ?

ಗಂಡ: ನಾಯಕಿ ಬೆಳೆದಿದ್ದಾಳೆ, ಕಿರುಚಮ್ಮನ ಕೈಲಿ ಆಗಲ್ಲ, ಬೇರೆಯವರನ್ನ ಹುಡುಕ್ತೀವಿ ಅಂತ ಕಚೇರಿಯಲ್ಲಿ ಮಾತಾಡ್ಕೊಳ್ತಿದ್ರು. ನಿನ್ನ ಹೆಸರು ಹೇಳಿದ್ರೆ ಕೇಳ್ತಾನೇ ಇರ್ಲಿಲ್ಲ. "ಒಂದು ಧ್ವನಿ ಇದೆ, ಕೇಳಿ ನೋಡಿ" ಅಂದೆ. ಎಲ್ಲರಿಗೂ ಇಷ್ಟ ಆಯ್ತು. ಇವತ್ತು ಮುಗಿದ ಮೇಲೆ ಹೇಳೋಣ ಅಂತಿದ್ದೆ.

ಲೇಖಕ: ಅಂದ್ರೆ ಮೇಡಂ, ನಿಮ್ಮನ್ನ ತೆಗೆದು ನಿಮ್ಮನ್ನೇ ಹಾಕ್ಕೊಳ್ತಿದ್ರು!

ಕಲಾವಿದೆ: ನೀವು ಸುಮ್ನಿರಿ. ನನ್ನೆದುರಿಗೇ ಅವಳನ್ನ ಹೊಗಳಿದೋರು.

ಲೇಖಕ: ಅವಳು ನೀವೇ!

ಕಲಾವಿದೆ: ಅದು ನಿಮಗೆ ಗೊತ್ತಿತ್ತಾ?

ಲೇಖಕ ಮತ್ತೆ ಸ್ಟೂಲಿನ ಮೇಲೆ ಕೂತ. ಕಲಾವಿದೆ ಸೆರಗಿನಿಂದ ಕಣ್ಣೊತ್ತಿಕೊಂಡಳು, ಒಂದು ಗುಟುಕು ನೀರು ಕುಡಿದಳು.

ಕಲಾವಿದೆ: ಆ ಟೇಕು ಚಿತ್ರದ ಜೊತೆ ಹಾಕಿ, ನೋಡೋಣ.

ರಾಜಕುಮಾರಿ ಪರದೆಯ ಮೇಲೆ ಬೆಂಕಿಯನ್ನು ಆರಿಸಿದಳು, ಅಪ್ಪನ ಪಕ್ಕದಲ್ಲಿ ಕೂತಳು, ಉಸಿರು ಬಿಟ್ಟಳು. ಲೇಖಕ ಮೂಗು ಒರೆಸಿಕೊಂಡ.

ಕಲಾವಿದೆ: ಆಗಲ್ಲ. ಇನ್ನೊಂದು ಟೇಕು.

ಲೇಖಕ: ಏನಂದ್ರಿ? ಮೇಡಂ, ಅದು ನಿಜವಾದ ಉಸಿರು! ಹೊಟ್ಟೆಯೊಳಗಿಂದ ಬಂದಿದ್ದು! ಅದನ್ನ ಮುಟ್ಟಬಾರದು!

ಕಲಾವಿದೆ: ನಿಜ ಆದ್ರೇನು, ತುಟಿಗೆ ಕೂಡ್ತಿಲ್ವಲ್ಲ. ಅವಳು ಬಾಯಿ ಮುಚ್ಚಿ ದಾರ ಕಟ್ಟೋಕೆ ಶುರುಮಾಡಿದ್ಲು, ನನ್ನದು ಇನ್ನೂ ಇಳೀತಾನೇ ಇದೆ. ಉಸಿರು ಅವಳದ್ದಾ, ರಾಜನದ್ದಾ ಅಂತ ನೋಡೋರು ತಲೆ ಕೆರ್ಕೊಳ್ತಾರೆ. ಚಿತ್ರ ಬಿಡಿ.

ಗಂಡ ಪರದೆಗೆ ಚಿತ್ರ ಬಿಟ್ಟ. ಕಲಾವಿದೆ ಮೈಕಿಗೆ ಹತ್ತಿರ ಸರಿದು ರಾಜಕುಮಾರಿಯ ಮುಖವನ್ನೇ ನೋಡುತ್ತ ನಿಂತಳು. ಮುಷ್ಟಿ ಬಿಗಿದಾಗ ಇವಳ ಮುಷ್ಟಿಯೂ ಬಿಗಿಯಿತು. ಎದೆ ಎದ್ದಿತು, ತಡೆಯಿತು, ಇಳಿಯಿತು; ರಾಜಕುಮಾರಿಯ ತುಟಿ ಕೂಡಿದಲ್ಲಿಗೆ ಸರಿಯಾಗಿ ಮುಗಿಯಿತು.

ಲೇಖಕ ಮತ್ತೆ ಮೂಗು ಒರೆಸಿಕೊಂಡ.

ಕಲಾವಿದೆ: ಇದು ಯಾವ ಉಸಿರು? ಕಾಫಿದಾ, ಹಲ್ಲಿದಾ?

ಲೇಖಕ: ಮಗಳದ್ದು ಮೇಡಂ.

ಗಂಡ ಎರಡೂ ಟೇಕುಗಳನ್ನು ಒಂದರ ಹಿಂದೊಂದು ಹಾಕಿ, ಹಿಂದೆಮುಂದೆ ಮಾಡಿ, ಕಿವಿ ಕೊಟ್ಟು ಕೇಳಿದ. ಕೊನೆಗೆ ಗಾಜಿನ ಬಾಗಿಲು ತೆರೆದು ಒಳಗೇ ಬಂದು ನಿಂತ.

ಗಂಡ: ಉದ್ದ ಒಂದು ಬಿಟ್ರೆ ಎರಡೂ ಒಂದೇ ಥರ ಇದೆ ಕಣೆ. ಯಾವುದು ನಿಜವಾಗ್ಲೂ ಬಂದಿದ್ದು, ಯಾವುದು ನೀನು ಮಾಡಿದ್ದು ಅಂತ ನನಗೇ ಗೊತ್ತಾಗ್ತಿಲ್ಲ.

ಕಲಾವಿದೆ: ಮದುವೆ ಆದಾಗಿನಿಂದ ಗೊತ್ತಾಗಿಲ್ಲ, ಈಗ್ಯಾಕೆ ತಲೆ ಕೆಡಿಸ್ಕೋತೀರಿ? ಇಲ್ಲಿ ಕೊಡಿ ಆ ಶರಟು, ಗುಂಡಿ ಹೊಲಿದು ಮುಗಿಸ್ತೀನಿ.