ತೊಂದ್ರೆ ಏನಿಲ್ಲ ಸಾರ್

ಇಂಥವೆಲ್ಲ ನಮ್ಮ ಆಫೀಸಿನಲ್ಲೇ ಯಾಕೆ ನಡೆಯುತ್ತಿದ್ದವೋ ದೇವರಿಗೇ ಗೊತ್ತು. ಹುಣಸೂರಿನಲ್ಲಿ, ಗೊಬ್ಬರದ ಅಂಗಡಿಯ ಮಹಡಿ ಮೇಲೆ, ಒಂದು ಸಾಫ್ಟ್‌ವೇರ್ ಆಫೀಸು ಇತ್ತು ಅಂದರೆ ಜನ ಇವತ್ತಿಗೂ ನಂಬುವುದಿಲ್ಲ. ಮೊಬೈಲಿಗಿನ್ನೂ ಗುಂಡಿಗಳಿದ್ದ ಕಾಲ ಅದು. ಸಾಹೇಬರು, ಅವರ ಕೈಕೆಳಗೆ ನಾವು ಮೂವರು. ಮೂವರಲ್ಲಿ ಹಿರಿಯರನ್ನು ಎಲ್ಲರೂ ಅಣ್ಣ ಅನ್ನುತ್ತಿದ್ದೆವು. ಪ್ರೋಗ್ರಾಂ ಬರೆಯುವ ಕೆಲಸದಲ್ಲಿ ಮುಕ್ಕಾಲು ಪಾಲು ಅವರದೇ. ಇನ್ನೊಬ್ಬ ಪಿರಿಯಾಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಮೂರನೆಯವಳು ನಾನು. ಅವರಿಬ್ಬರು ಬರೆದದ್ದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ, ಅದಕ್ಕೆ ತಕ್ಕ ಬಾಯಿಯೂ ನನಗಿತ್ತು.

ಒಮ್ಮೆ ಸಾಹೇಬರು ಬೆಂಗಳೂರಿಗೆ ಹೋಗಿ ‘ಅಜೈಲ್’ ಅನ್ನುವ ಹೊಸ ಪದ್ಧತಿ ಕಲಿತು ಬಂದರು. ದೊಡ್ಡ ಕೆಲಸವನ್ನು ಚೂರು ಚೂರು ಮಾಡಿಕೊಂಡು ಮುಗಿಸಬೇಕು, ಆಗಾಗ ಗಿರಾಕಿಗೆ ತೋರಿಸಬೇಕು, ಎಡವಟ್ಟಾದರೆ ಮುಚ್ಚಿಡದೆ ಹೇಳಬೇಕು. ಅಷ್ಟೇ. ಪದ್ಧತಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದು ನಮ್ಮ ಕೈಗೆ ಸಿಕ್ಕಿದ್ದು ಅದರ ಗ್ರಹಚಾರ. ಆ ಹೊತ್ತಿಗಾಗಲೇ ಅಣ್ಣನಿಗೆ ಎದೆನೋವು ಶುರುವಾಗಿತ್ತು. ಅದು ಅವರ ಗ್ರಹಚಾರ.

ನಿಂತುಕೊಂಡು ಮಾತು

ಹೊಸ ಪದ್ಧತಿಯಂತೆ ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಮೀಟಿಂಗ್ ಮಾಡಬೇಕು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಕೆಲಸಕ್ಕೆ ಏನು ತೊಂದರೆ ಇದೆ ಎಂದು ಒಬ್ಬೊಬ್ಬರಾಗಿ ಹೇಳಬೇಕು. ನಮ್ಮಲ್ಲಿ ಸರಿಯಾಗಿ ಅದೇ ಹೊತ್ತಿಗೆ ದೇವರ ಪಟಕ್ಕೂ ಕಂಪ್ಯೂಟರುಗಳಿಗೂ ಊದಿನಕಡ್ಡಿ ಬೆಳಗಿ ಆಗಿರುತ್ತಿತ್ತು. ದೇವರ ಮುಂದೆ ದೀಪ ಉರಿಯುತ್ತಿರುವಾಗ ಅಪಶಕುನದ ಮಾತು ಯಾರು ಆಡುತ್ತಾರೆ?

“ಏನಾದ್ರೂ ತೊಂದ್ರೆ ಇದೆಯಾ?” ಎಂದು ಸಾಹೇಬರು ಮೊದಲು ಅಣ್ಣನನ್ನು ಕೇಳುತ್ತಿದ್ದರು.

“ಏನಿಲ್ಲ ಸಾರ್.”

ಹಿರಿಯರೇ ಇಲ್ಲ ಅಂದ ಮೇಲೆ ಪಿರಿಯಾಪಟ್ಟಣದವನು ಇದೆ ಅನ್ನುತ್ತಾನೆಯೇ? ಅವನೂ ಏನಿಲ್ಲ ಸಾರ್. ಒಂದು ದಿನವಂತೂ, ನಮ್ಮ ಕೆಲಸವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿದ್ದ ದೊಡ್ಡ ಕಂಪ್ಯೂಟರು ಹಿಂದಿನ ಸಂಜೆಯೇ ಸುಟ್ಟುಹೋಗಿತ್ತು. ಹಿಂದಿನ ದಿನ ರಜೆಯ ಮೇಲಿದ್ದ ನನಗೆ ಅದು ಗೊತ್ತಿಲ್ಲ. ಸಾಹೇಬರಿಗೂ ಗೊತ್ತಿಲ್ಲ. ಗೊತ್ತಿದ್ದ ಅವರಿಬ್ಬರೂ ಗಂಭೀರವಾಗಿ ಏನಿಲ್ಲ ಸಾರ್ ಅಂದರು. ಸಾಹೇಬರು ಕೈ ಉಜ್ಜಿಕೊಂಡು “ಗುಡ್!” ಅನ್ನುವಾಗಲೇ ಎದುರು ಹೋಟೆಲಿನವನು ಟೀ ತಂದ.

“ದೊಡ್ ಕಂಪ್ಯೂಟ್ರು ಸುಟ್ಟೋಯ್ತಂತಲ್ಲ ಸಾರ್, ರಿಪೇರಿ ಆಯ್ತಾ?”

ಬಸ್ ಸ್ಟ್ಯಾಂಡಿಗೆಲ್ಲ ಗೊತ್ತಿದ್ದ ಸುದ್ದಿ ನಮ್ಮ ಮೀಟಿಂಗಿಗೆ ಮಾತ್ರ ಗೊತ್ತಿರಲಿಲ್ಲ.

ಇಬ್ಬರಿಗೆ ಒಂದು ಕಂಪ್ಯೂಟರು

ಆಮೇಲೆ ಬಂದದ್ದು ಜೋಡಿ ಕೆಲಸ. ಒಂದು ಕಂಪ್ಯೂಟರಿನ ಮುಂದೆ ಇಬ್ಬರು ಕೂರಬೇಕು, ಒಬ್ಬ ಬರೆಯುವಾಗ ಇನ್ನೊಬ್ಬ ತಪ್ಪಿದ್ದರೆ ತಕ್ಷಣ ಹೇಳಬೇಕು. ಅಣ್ಣನ ಪಕ್ಕ ಪಿರಿಯಾಪಟ್ಟಣದವನನ್ನು ಕೂರಿಸಿದರು. ಅವನೋ ಅಣ್ಣನ ಎದುರು ಕಾಲಮೇಲೆ ಕಾಲು ಹಾಕಿ ಕೂತವನಲ್ಲ. ದಿನವಿಡೀ “ಸರಿ ಅಣ್ಣ, ಸರಿ ಅಣ್ಣ” ಅನ್ನುತ್ತಾ ಕೂತ.

ಅಣ್ಣನಿಗೆ ಆಗಾಗ ಎದೆ ಹಿಂಡಿದಂತಾಗಿ ಗಮನ ತಪ್ಪುತ್ತಿತ್ತು, ಬರೆದದ್ದು ಎಲ್ಲೆಲ್ಲೋ ಹೋಗುತ್ತಿತ್ತು. ನಾನು ನೋಡಿದಾಗ ಸಾಲು ಸಾಲು ತಪ್ಪು. ಪಿರಿಯಾಪಟ್ಟಣದವನನ್ನು ಹಿಡಿದು ಕೇಳಿದೆ, “ಪಕ್ಕದಲ್ಲೇ ಇದ್ಯಲ್ಲ, ಕಾಣ್ಲಿಲ್ವೇನೋ?”

“ಕಾಣ್ದೇ ಏನಕ್ಕ, ಎಲ್ಲಾ ಕಾಣ್ತು. ದೊಡ್ಡೋರ್ಗೆ ಎಂಗೆ ಏಳಾದು?”

ಮೊದಲು ಅಣ್ಣ ಒಬ್ಬರೇ ತಪ್ಪು ಮಾಡುತ್ತಿದ್ದರು. ಹೊಸ ಪದ್ಧತಿ ಬಂದ ಮೇಲೆ ಸಾಕ್ಷಿ ಇಟ್ಟುಕೊಂಡು ಮಾಡತೊಡಗಿದರು.

ಗಿರಾಕಿಯ ಅಭಿಪ್ರಾಯ

ಆಗ ನಮ್ಮ ಕೈಯಲ್ಲಿದ್ದದ್ದು ಕೆ.ಆರ್. ನಗರದ ಒಂದು ಅಕ್ಕಿ ಗಿರಣಿಯ ಕೆಲಸ. ಭತ್ತದ ಗಾಡಿ ಬಂದ ಕೂಡಲೇ ಗೇಟಿನಲ್ಲೇ ಲೆಕ್ಕ ಹಿಡಿದು ಚೀಟಿ ಕೊಡುವ ಪ್ರೋಗ್ರಾಂ. ಹದಿನೈದು ದಿನಕ್ಕೊಮ್ಮೆ ಗಿರಣಿ ಯಜಮಾನರನ್ನು ಕರೆಸಿ, ಆದಷ್ಟನ್ನು ತೋರಿಸಿ ಅಭಿಪ್ರಾಯ ಕೇಳಬೇಕು ಅಂತ ನಿಯಮ. ಸಾಹೇಬರು ಮರ್ಯಾದೆಯಲ್ಲಿ ಎತ್ತಿದ ಕೈ. ಪ್ರತಿಸಲವೂ ಖಾರಾಬಾತು, ಕೇಸರಿಬಾತು, ಮೇಲೆ ಕಾಫಿ. ಯಜಮಾನರು ಕೈ ಒರೆಸಿಕೊಂಡು ಪರದೆ ನೋಡಿ, “ಚೆಂದಾಗದೆ ಕಣ್ರೀ, ಬಾಳ ಚೆಂದಾಗದೆ” ಅಂದು ಹೊರಡುತ್ತಿದ್ದರು.

ಸುಗ್ಗಿ ಹತ್ತಿರವಾಯಿತು. ಪ್ರೋಗ್ರಾಂ ಹಾಕಲು ಗಿರಣಿಗೆ ಹೋದೆವು. ನೋಡಿದರೆ ಅಲ್ಲಿ ಗಾಡಿಯನ್ನು ಭತ್ತದ ಸಮೇತ ತೂಗುತ್ತಾರೆ. ನಮ್ಮ ಪ್ರೋಗ್ರಾಂ ಮೂಟೆ ಎಣಿಸುತ್ತದೆ!

“ಇಷ್ಟು ಸಲ ನೋಡಿದ್ರಲ್ಲ ಯಜಮಾನ್ರೇ, ಮೊದಲೇ ಹೇಳ್ಬಾರ್ದಿತ್ತಾ?” ಅಂದೆ.

ಯಜಮಾನರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಎಲ್ಲಾರಾ ಉಂಟಾ ತಾಯಿ? ನಿಮ್ ಜಾಗದಲ್ಲಿ ಕುಂತ್ಕಂಡು, ನಿಮ್ ತಿಂಡಿ ತಿಂದ್ಬುಟ್ಟು, ನಿಮ್ ಕೆಲ್ಸನೇ ಆಡ್ಕಳಾಕಾಯ್ತದಾ?”

ಆಚೆ ಹೋಟೆಲಿನಲ್ಲಿ ಅವರೇ ದುಡ್ಡು ಕೊಟ್ಟು ತಿಂಡಿ ತಿಂದು ಬಂದಿದ್ದರೆ ನಮ್ಮ ಆಫೀಸು ಉಳಿಯುತ್ತಿತ್ತು.

ಮನಸ್ಸು ಬಿಚ್ಚಿ ಮಾತಾಡಿ

ಭತ್ತ ಬರುವಷ್ಟರಲ್ಲಿ ಎಲ್ಲವನ್ನೂ ಮತ್ತೆ ಬರೆಯಬೇಕು. ಬರೆಯುವವರು ಅಣ್ಣ. ಆಗ ಅವರಿಗೆ ನಮ್ಮ ಮಹಡಿ ಹತ್ತುವುದಕ್ಕೇ ಎರಡು ಕಡೆ ನಿಲ್ಲಬೇಕಾಗಿತ್ತು. ಮುಖ ಬೆವರಿ ಬಿಳಿಚಿಕೊಳ್ಳುತ್ತಿತ್ತು. “ಆಸ್ಪತ್ರೆಗೆ ತೋರ್ಸಿ ಅಣ್ಣ” ಅಂದರೆ “ಗ್ಯಾಸು ಕಣಮ್ಮ, ಸೋಡಾ ಕುಡುದ್ರೆ ಓಯ್ತದೆ ಬುಡು” ಅನ್ನುತ್ತಿದ್ದರು. ನನಗೆ ಭಯವಾಗುತ್ತಿತ್ತು. ಮನೆಗೆ ಹೋದರೂ ಅದೇ ಯೋಚನೆ.

ಸಾಹೇಬರು ಇನ್ನೊಂದು ಮೀಟಿಂಗ್ ಇಟ್ಟರು. ಏನು ತಪ್ಪಾಯಿತು ಎಂದು ಯಾರು ಬೇಕಾದರೂ ಮನಸ್ಸು ಬಿಚ್ಚಿ ಹೇಳಬಹುದು, ಯಾರೂ ಯಾರನ್ನೂ ಬೈಯುವಂತಿಲ್ಲ. ಎಲ್ಲರೂ ಫ್ಯಾನು ನೋಡುತ್ತಾ ಕೂತರು. ನಾನೇ ಎದ್ದೆ.

“ಸಾರ್, ಅಣ್ಣಂಗೆ ಹುಷಾರಿಲ್ಲ. ಎದೆ ನೋವು. ಕೆಲಸ ನಿಲ್ಸಿ ಮೊದಲು ಡಾಕ್ಟ್ರಿಗೆ ತೋರ್ಸಿ.”

ಸಾಹೇಬರು ಕೆಟ್ಟವರಲ್ಲ, ನಿಜಕ್ಕೂ ಗಾಬರಿಯಾದರು. “ಹೌದೇನ್ರೀ? ಎದೆ ನೋವಾ?”

“ಏನಿಲ್ಲ ಸಾರ್, ಗ್ಯಾಸು.”

“ನೋಡಮ್ಮ, ಅವರೇ ಏನಿಲ್ಲ ಅಂತಾರೆ” ಅಂದ ಸಾಹೇಬರು, ಇಷ್ಟು ಧೈರ್ಯವಾಗಿ ಮಾತಾಡಿದ್ದಕ್ಕೆ ನನಗೆ ಚಪ್ಪಾಳೆ ತಟ್ಟಿಸಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅಣ್ಣ.

ಪರದೆಯ ಆಚೆ

ಇದನ್ನು ಹೇಳುವಾಗ ನಗು ಬರುತ್ತದೆ, ಹಿಂದೆಯೇ ನಕ್ಕದ್ದಕ್ಕೆ ನಾಚಿಕೆಯಾಗುತ್ತದೆ. ಯಾಕೆಂದರೆ ಅಣ್ಣ ಕೊನೆಗೆ ಸೇರಿದ ಆಸ್ಪತ್ರೆಯಿಂದ ಜೀವಂತ ಮನೆಗೆ ಬರಲಿಲ್ಲ.

ಗಿರಣಿಯ ಗೇಟಿನಲ್ಲಿ ಕಂಪ್ಯೂಟರು ಜೋಡಿಸುತ್ತಿದ್ದವರು ಅಲ್ಲೇ ಕುಸಿದರು. ಯಜಮಾನರು ತಮ್ಮ ಜೀಪಿನಲ್ಲಿ ಮೈಸೂರಿನ ಆಸ್ಪತ್ರೆಗೆ ಸಾಗಿಸಿದರು. ನಾನೂ ಸಾಹೇಬರೂ ಹಿಂದೆಯೇ ಓಡಿದೆವು. ಅಣ್ಣನ ಹೆಂಡತಿಯೂ ಬಂದು ಸೇರಿದರು. ಡಾಕ್ಟರು ಮಂಚದ ಹತ್ತಿರ ಬಂದು, “ಎಲ್ಲಿ ನೋವಿದೆ ಹೇಳಿ” ಅಂದರು.

ಅಣ್ಣ ಕಣ್ಣು ಬಿಟ್ಟರು. ಎದುರಿಗೆ ಸಾಹೇಬರು ಕೈಕಟ್ಟಿ ನಿಂತಿದ್ದರು. ಮೂಗಿಗೆ ಆಕ್ಸಿಜನ್ ನಳಿಕೆ ಇಟ್ಟಿದ್ದರೂ ಏಳಲು ನೋಡಿದರು.

“ಏನಿಲ್ಲ ಸಾರ್” ಅಂದರು.

ಅಲ್ಲಿಯವರೆಗೆ ಬಾಯಿಗೆ ಸೆರಗು ಹಿಡಿದು ನಿಂತಿದ್ದ ಹೆಂಡತಿ ಸಿಡಿದೆದ್ದರು. “ಸುಳ್ಳು ಕಣ್ ಸೋಮಿ! ದಿನಾ ಎದೆ ಇಡ್ಕಂಡು ಕುಂತಿರ್ತಾರೆ. ಮೊದ್ಲು ಆ ಯಪ್ಪನ್ನ ಆಚೆ ಕಳ್ಸಿ, ಆಮೇಲೆ ಕೇಳಿ!”

ಡಾಕ್ಟರು ಸಾಹೇಬರನ್ನು ಮಂಚದ ಸುತ್ತ ಎಳೆದಿದ್ದ ಬಟ್ಟೆ ಪರದೆಯ ಆಚೆ ಕಳಿಸಿದರು. ಕಳಿಸಿದ್ದೇ ತಡ, ಅಣ್ಣ ಶುರು ಮಾಡಿದರು. ಎದೆ ಒಡೆದುಹೋಗುವಂತೆ ನೋವು. ಎಡಗೈ ಎತ್ತಲಾಗುವುದಿಲ್ಲ. ಮಳೆಗಾಲದಿಂದಲೂ ಹೀಗೇ. ಗಿರಣಿ ಕೆಲಸ ಈ ಸುಗ್ಗಿಗೆ ಖಂಡಿತ ಆಗುವುದಿಲ್ಲ, ಇನ್ನೂ ಇಬ್ಬರು ಬೇಕಿತ್ತು. ಒಂದನ್ನೂ ಬಿಡಲಿಲ್ಲ. ನಮ್ಮ ಅಷ್ಟೂ ಮೀಟಿಂಗುಗಳಲ್ಲಿ ಬಾರದ ಮಾತು ಒಂದೇ ಉಸಿರಿಗೆ ಬಂತು. ಪರದೆಯ ಕೆಳಗೆ ಸಾಹೇಬರ ಬೂಟುಗಳು ಕಾಣುತ್ತಿದ್ದವು, ಅಲುಗಾಡದೆ.

“ಇಷ್ಟೆಲ್ಲ ಇಟ್ಕೊಂಡು ಸುಮ್ಮನಿದ್ರಾ?” ಅಂದು ಡಾಕ್ಟರು ಹೊರಡಲು ತಿರುಗಿದರು. ಅಣ್ಣ ಅವರ ಬಿಳಿ ಕೋಟಿನ ತುದಿ ಹಿಡಿದುಕೊಂಡು, ದನಿ ತಗ್ಗಿಸಿ ಅಂದರು:

“ನಮ್ ಸಾಹೇಬ್ರಿಗೆ ಮಾತ್ರ ಏಳ್ಬೇಡಿ ಡಾಕ್ಟ್ರೇ. ಪಾಪ, ಬೇಜಾರ್ ಮಾಡ್ಕತಾರೆ.”